ಟರ್ಬೊ ಕೆಲಸ, ಐದನೆಯ ಕಂತು: ಶಂಖ ಬದಲಾಯಿತು

ಖಂಬಾಟ್ಕಿ ಘಾಟಿನ ತನಕ ಎಲ್ಲವೂ ಸರಿಯಾಗಿಯೇ ಇತ್ತು. ಗಣೇಶನ ಹಬ್ಬಕ್ಕೆ ಪುಣೆಯಿಂದ ಬೆಳಗಾವಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು, ಡಿಕ್ಕಿಯ ತುಂಬ ಸಾಮಾನು. ಘಾಟು ಏರುವಾಗ ಮುಂದಿದ್ದ ಲಾರಿಯನ್ನು ದಾಟಲೆಂದು ನಾಲ್ಕನೆಯ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಎಂಜಿನ್ ನಿಮಿಷಕ್ಕೆ 3000 ಸುತ್ತಿನ ಆಸುಪಾಸಿನಲ್ಲಿತ್ತು. ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದನ್ನು ತೋರಿಸುವ ಗೇಜಿನ ಮುಳ್ಳು 0.7 ಬಾರ್ ಮುಟ್ಟಿದ್ದೇ ತಡ, ನಡುಗತೊಡಗಿತು. ಬಾನೆಟ್ಟಿನ ಒಳಗಿನಿಂದ ಪಾರಿವಾಳಗಳ ಹಿಂಡು ಒಮ್ಮೆಲೇ ರೆಕ್ಕೆ ಬಡಿದಂಥ ಸದ್ದು. ಮೂರನೆಯ ಗೇರಿಗೆ ಇಳಿಸಿದೆ, ಸದ್ದು ನಿಂತಿತು. ಊರು ಮುಟ್ಟುವವರೆಗೂ ನನ್ನ ಕಿವಿ ಮಾತ್ರ ಬಾನೆಟ್ಟಿನ ಒಳಗೇ ಇತ್ತು.

ಗಾಡಿಯ ವಿವರ ಮತ್ತೊಮ್ಮೆ: ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1781 ಸಿಸಿ, ನಾಲ್ಕು ಸಿಲಿಂಡರ್, 20 ವಾಲ್ವ್, ಕಾರ್ಖಾನೆಯಿಂದ ಬಂದಾಗ 150 ಅಶ್ವಶಕ್ತಿ. ಕಳೆದ ವರ್ಷ ಒಳಗೆ ಫೋರ್ಜ್ಡ್ ಕನೆಕ್ಟಿಂಗ್ ರಾಡ್‌ಗಳನ್ನು ಹಾಕಿಸಿದ್ದೇನೆ. ಮೂಲದ ಪುಟ್ಟ ಟರ್ಬೊ ಇದ್ದ ಜಾಗದಲ್ಲಿ ಈಗ ಸೆಕೆಂಡ್ ಹ್ಯಾಂಡ್ ಬಾಲ್ ಬೇರಿಂಗ್ ಟರ್ಬೊ ಕುಳಿತಿದೆ. ಎಂಜಿನ್ನಿನ ಹೊಗೆ ಟರ್ಬೊದ ಒಂದು ಬದಿಯ ಟರ್ಬೈನನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಅದರ ಕಂಪ್ರೆಸರ್ ವೀಲಿನ ಗಾಳಿ ಎಳೆಯುವ ಬಾಯಿ 47.2 ಮಿ.ಮೀ., ಗಾಳಿ ಚೆಲ್ಲುವ ಅಂಚು 60.1 ಮಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗ ಮಾಡಿ, ನೂರರಿಂದ ಗುಣಿಸಿದರೆ 62. ಇದನ್ನೇ ಟ್ರಿಮ್ ಎನ್ನುತ್ತಾರೆ.

ಆ ಸದ್ದಿನ ಹೆಸರು ಸರ್ಜ್. ಕಂಪ್ರೆಸರ್ ಒತ್ತಡವನ್ನೇನೋ ಕಟ್ಟುತ್ತದೆ, ಆದರೆ ಅಷ್ಟು ಗಾಳಿಯನ್ನು ನುಂಗುವ ವೇಗ ಎಂಜಿನ್ನಿಗೆ ಇನ್ನೂ ಬಂದಿರುವುದಿಲ್ಲ. ಬ್ಲೇಡುಗಳ ಹಿಡಿತ ತಪ್ಪಿ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಒತ್ತಡ ಇಳಿದೊಡನೆ ಮತ್ತೆ ಮುಂದಕ್ಕೆ ಹರಿಯುತ್ತದೆ, ಮತ್ತೆ ಹಿಂದಕ್ಕೆ. ಪ್ರತಿ ಸಲವೂ ಶಾಫ್ಟ್ ಉದ್ದುದ್ದಕ್ಕೆ ಪೆಟ್ಟು ತಿನ್ನುತ್ತದೆ, ಆ ಪೆಟ್ಟನ್ನೆಲ್ಲ ಬೇರಿಂಗ್ ತಾಳಿಕೊಳ್ಳಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕೇಳುವ ಸರ್ಜ್ ಬೇರೆ, ಅದಕ್ಕೆ ಉಳಿದ ಗಾಳಿಯನ್ನು ಬೇರೆ ದಾರಿಗೆ ಬಿಡುವ ಡೈವರ್ಟರ್ ವಾಲ್ವ್ ಇದೆ. ನನ್ನದು ಕಾಲು ಒತ್ತಿರುವಾಗಲೇ ಆಗುವ ಸರ್ಜ್. ಇದಕ್ಕೆ ಎಷ್ಟು ಒಳ್ಳೆಯ ವಾಲ್ವ್ ಹಾಕಿದರೂ ಪ್ರಯೋಜನವಿಲ್ಲ. ಇದನ್ನು ತಿಳಿಯುವ ಮೊದಲು ನಾನೇ ಒಂದು ವಾಲ್ವ್ ಖರೀದಿಸಿಬಿಟ್ಟಿದ್ದೆ.

ಊರಿನಿಂದ ಮರಳಿದ ಮೇಲೆ ಲೆಕ್ಕಕ್ಕೆ ಕುಳಿತೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ 0.95 ಬಾರ್ ಮಾತ್ರ. ಅದರ ಮೇಲೆ 1 ಬಾರ್ ಬೂಸ್ಟ್ ಬೇಕು. ಒತ್ತಿ ಬಿಸಿಯಾದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನಲ್ಲಿ 0.08, ಏರ್ ಫಿಲ್ಟರಿನಲ್ಲಿ 0.03 ಬಾರ್ ಕಳೆದುಹೋಗುತ್ತದೆ ಎಂದುಕೊಂಡರೆ, ಕಂಪ್ರೆಸರಿನ ಹೊರಗಿನ ಒತ್ತಡ 2.03, ಒಳಬಾಯಿಯಲ್ಲಿ 0.92. ಅನುಪಾತ 2.21. ಇದೇ ಗಾಡಿ, ಇದೇ ಬೂಸ್ಟ್, ಮುಂಬಯಿಯ ಕಡಲತೀರದಲ್ಲಾದರೆ 2.13. ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ಕಂಪ್ರೆಸರ್ ನಕ್ಷೆಯಲ್ಲಿ (ಅಡ್ಡಕ್ಕೆ ಗಾಳಿಯ ಹರಿವು, ಮೇಲಕ್ಕೆ ಒತ್ತಡದ ಅನುಪಾತ) ಅನುಪಾತ ಮೇಲೇರಿದಂತೆ ಸರ್ಜ್ ಗೆರೆ ಬಲಕ್ಕೆ ವಾಲುತ್ತದೆ. ಹರಿವು ಆ ಗೆರೆಯ ಎಡಕ್ಕೆ ಬಿದ್ದರೆ ಸರ್ಜ್. ಎತ್ತರದ ಊರಿನವನಿಗೆ ಆ ಗೆರೆ ಬೇಗ ಎದುರಾಗುತ್ತದೆ, ಘಾಟು ಹತ್ತಿದಂತೆ ಇನ್ನೂ ಬೇಗ. ಗಾಳಿಯ ಹರಿವಿನ ಲೆಕ್ಕ ಹೀಗೆ ಬಂತು: 6500 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 11 ಕಿಲೊ, ಅಷ್ಟೇ ಬೂಸ್ಟ್ 3000 ಸುತ್ತಿನಲ್ಲೇ ಬಂದರೆ ಐದು ಕಿಲೊ. ಹನ್ನೊಂದಕ್ಕೆ ಈ ವೀಲ್ ಆರಾಮವಾಗಿ ಒದಗುತ್ತದೆ. ಐದು ಕಿಲೊ ಮಾತ್ರ ಗೆರೆಯ ತೀರಾ ಸಮೀಪ.

ಇಲ್ಲಿಂದ ಹೌಸಿಂಗಿನ, ಅಂದರೆ ವೀಲನ್ನು ಸುತ್ತುವರಿದ ಸುರುಳಿಯಾಕಾರದ ಕವರಿನ, ಹುಡುಕಾಟ ಶುರುವಾಯಿತು. ಮೊದಲು ನನ್ನ ಗಮನವೆಲ್ಲ ಎ/ಆರ್ ಸಂಖ್ಯೆಯ ಮೇಲಿತ್ತು. ಸುರುಳಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು, ಶಾಫ್ಟಿನ ನಡುವಿನಿಂದ ಆ ಕೊಯ್ತದ ನಡುವಿನವರೆಗಿನ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಹೊಗೆಯ ಬದಿಯ ಟರ್ಬೈನ್ ಹೌಸಿಂಗಿನಲ್ಲಿ ಅದು ನಿರ್ಣಾಯಕ: 0.64 ಹಾಕಿದರೆ ಬೂಸ್ಟ್ ಬೇಗ ಬರುತ್ತದೆ, 0.86 ಹಾಕಿದರೆ ತಡವಾದರೂ ಮೇಲಿನ ಸುತ್ತುಗಳಲ್ಲಿ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಗಾಳಿಯ ಬದಿಯ ಹೌಸಿಂಗಿನಲ್ಲಿ ಎ/ಆರ್ ತರುವ ವ್ಯತ್ಯಾಸ ತೀರಾ ಕಡಿಮೆ. ನನ್ನ ಹಳೆಯ ಕವರಿನದು 0.60. ಅದನ್ನು ಬದಲಿಸಿದರೆ ಸರ್ಜ್ ಹೋಗುತ್ತದೆ ಎಂದು ನಂಬಿ ಒಂದು ವಾರ ಹಾಳು ಮಾಡಿಕೊಂಡೆ.

ಬೇಕಾದದ್ದು ಪೋರ್ಟೆಡ್ ಶ್ರೌಡ್ ಇರುವ ಹೌಸಿಂಗ್. ಇದರ ಬಾಯಿಯಲ್ಲಿ ಎರಡು ಬಳೆಗಳನ್ನು ಒಂದರೊಳಗೊಂದು ಇಟ್ಟಂತೆ ಕಾಣುತ್ತದೆ. ವೀಲಿನ ಬ್ಲೇಡುಗಳ ಮುಂದಂಚನ್ನು ದಾಟಿ ಸ್ವಲ್ಪ ಒಳಗೆ, ಸುತ್ತಲೂ ಒಂದು ಸೀಳು ಇರುತ್ತದೆ. ಹರಿವು ಕಡಿಮೆಯಾದಾಗ ಹಿಂದೊತ್ತುವ ಗಾಳಿ ಆ ಸೀಳಿನಿಂದ ಹೊರಬಂದು, ಬಳೆಗಳ ನಡುವೆ ಹಾದು ಮತ್ತೆ ಬಾಯಿಗೇ ಸೇರುತ್ತದೆ. ವೀಲಿನ ಬಾಯಿಯಲ್ಲಿ ಹರಿಯುವ ಗಾಳಿ ಹೆಚ್ಚಾಗಿ ಸರ್ಜ್ ಗೆರೆ ಎಡಕ್ಕೆ ಸರಿಯುತ್ತದೆ. ಬದಲಿಗೆ ತೆರಬೇಕಾದದ್ದು ಸ್ವಲ್ಪ ದಕ್ಷತೆ, ಸ್ವಲ್ಪ ಹೆಚ್ಚು ಸದ್ದು. ದಕ್ಷತೆಯ ಬೆಲೆಯನ್ನೂ ಲೆಕ್ಕ ಹಾಕಿದೆ. 30 ಡಿಗ್ರಿಯ ಗಾಳಿಯನ್ನು 2.2 ಅನುಪಾತಕ್ಕೆ ಒತ್ತಿದಾಗ, ದಕ್ಷತೆ ಶೇಕಡಾ 72 ಇದ್ದರೆ ಹೊರಬರುವ ಗಾಳಿ ಸುಮಾರು 136 ಡಿಗ್ರಿ, ಶೇಕಡಾ 65ಕ್ಕೆ ಇಳಿದರೆ 148 ಡಿಗ್ರಿ. ಸೀಳಿನಿಂದ ಅಷ್ಟೊಂದು ನಷ್ಟವಾಗುವುದಿಲ್ಲ. ಆದರೆ ವೀಲಿಗೂ ಹೌಸಿಂಗಿಗೂ ನಡುವಿನ ಸಂದು ಹೆಚ್ಚಾದರೆ ದಕ್ಷತೆ ಬೇಗನೆ ಕುಸಿಯುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಈ ಸಂದೇ.

ಮಾರಾಟಕ್ಕಿದ್ದವು ಎರಡು. ಒಂದಕ್ಕೆ ನಾಲ್ಕು ಇಂಚಿನ ಬಾಯಿ, ನೋಡಲು ಬಲು ಚೆಂದ. ಈ ಎಂಜಿನ್ನಿನಲ್ಲಿ ಟರ್ಬೊ ಇರುವುದು ಹಿಂಬದಿಯಲ್ಲಿ, ಎಂಜಿನ್ನಿಗೂ ಫೈರ್‌ವಾಲಿಗೂ ನಡುವಿನ ಇಕ್ಕಟ್ಟಿನಲ್ಲಿ. ರಟ್ಟಿನಲ್ಲಿ ಅದರ ಅಳತೆಯ ಕೊಳವೆ ಮಾಡಿ ಇಟ್ಟು ನೋಡಿದೆ, ತಿರುವು ಕೊಡಲು ಜಾಗವೇ ಇರಲಿಲ್ಲ. ಹಾಗಾಗಿ ಮೂರು ಇಂಚಿನದನ್ನು ತರಿಸಿದೆ. ನನ್ನ ವೀಲಿನ ಅಳತೆಗೇ ಕೊರೆದದ್ದು ಎಂದು ಮಾರಿದವರು ಹೇಳಿದ್ದರು.

ಅದನ್ನು ಹಿಡಿದುಕೊಂಡು ಭೋಸರಿಯ ಕಾಕಾರ ಲೇತ್ ಶೆಡ್ಡಿಗೆ ಹೋದೆ. ಅವರು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಪ್ಯಾಟರ್ನ್ ಮಾಡುತ್ತಿದ್ದವರು, ನನ್ನ ತಂದೆಯ ಜೊತೆಗಾರರು. ಹೌಸಿಂಗನ್ನು ಕೈಯಲ್ಲಿ ತಿರುಗಿಸಿ, ಸುರುಳಿಯೊಳಗೆ ಬೆರಳು ಆಡಿಸಿ, "ಶಂಖ ಚೆನ್ನಾಗಿ ಎರಕವಾಗಿದೆ. ಒಳಗಿನ ಮೈ ನೋಡೋಣ" ಎಂದರು. ಅಂದಿನಿಂದ ನನಗೂ ಇದು ಶಂಖವೇ.

ಕಾಕಾ ಮಕ್ಕಳು ಆಡುವ ಜೇಡಿಮಣ್ಣಿನ ತೆಳುವಾದ ಎಳೆಗಳನ್ನು ಬ್ಲೇಡುಗಳ ಅಂಚಿಗೆ ಅಂಟಿಸಿ, ಶಂಖವನ್ನು ಬೋಲ್ಟು ಹಾಕಿ ಬಿಗಿದು, ಮತ್ತೆ ಬಿಚ್ಚಿದರು. ಚಪ್ಪಟೆಯಾದ ಮಣ್ಣಿನ ದಪ್ಪವೇ ಸಂದಿನ ಅಳತೆ. ಬಾಯಿಯ ಕಡೆ 0.4 ಮಿ.ಮೀ., ಅಲ್ಲಿ ಚಿಂತೆಯಿಲ್ಲ. ಹೊರ ಅಂಚಿನ ಕಡೆ 0.85. ಅದನ್ನು ಕಂಡು ನನ್ನ ಮುಖ ಬಾಡಿತು. ವಾಪಸು ಕಳಿಸಬೇಕೇ ಎಂದು ಕೇಳಿದೆ.

"ಯಾಕಪ್ಪ ವಾಪಸು? ಬಾಯಿಯ ಹತ್ತಿರ ಸಂದು ಇರುವುದು ಪಕ್ಕಕ್ಕೆ. ಅಂಚಿನ ಹತ್ತಿರ ಸಂದು ಇರುವುದು ಉದ್ದಕ್ಕೆ. ಶಂಖ ಕೂರುವ ಪೀಠವನ್ನು ಸ್ವಲ್ಪ ಹೆರೆದರೆ ಶಂಖ ವೀಲಿನ ಕಡೆಗೆ ಸರಿಯುತ್ತದೆ. ಅಂಚಿನ ಸಂದು ಕಡಿಮೆಯಾಗುತ್ತದೆ, ಬಾಯಿಯದು ಇದ್ದಷ್ಟೇ ಉಳಿಯುತ್ತದೆ" ಎಂದರು ಕಾಕಾ.

ಎಷ್ಟೋ ದಿನ ನಕ್ಷೆ ನೋಡಿದ ನನಗೆ ಇದು ಹೊಳೆದಿರಲಿಲ್ಲ. ಡಯಲ್ ಗೇಜ್ ಇಟ್ಟು ಶಂಖವನ್ನು ಚಕ್ಕಿನಲ್ಲಿ ನೇರ ಮಾಡುವುದಕ್ಕೇ ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಪೀಠ ಓರೆಯಾದರೆ ಒಂದು ಬದಿಯಲ್ಲಿ ಬ್ಲೇಡು ತಾಗಿ ವೀಲೇ ಹೋಗುತ್ತದೆ. ಆಮೇಲೆ ಒಂದೊಂದು ಸಲಕ್ಕೆ 0.1 ಮಿ.ಮೀ.ನಂತೆ ನಾಲ್ಕು ಸಲ ಹೆರೆದರು. ಮತ್ತೆ ಮಣ್ಣಿಟ್ಟು ನೋಡಿದಾಗ ಅಂಚಿನಲ್ಲಿ 0.45. ನಡುವಿನ ಬಾಗಿನಲ್ಲೂ ಸಂದು ತುಸು ಇಳಿದಿತ್ತು. ವೀಲನ್ನು ಬೆರಳಿನಿಂದ ನಾಲ್ಕೂ ದಿಕ್ಕಿಗೆ ಒತ್ತಿ ತಿರುಗಿಸಿದೆವು, ಎಲ್ಲಿಯೂ ತಾಗಲಿಲ್ಲ.

ಕೂರಿಸುವುದು ಎರಡು ಸಂಜೆಗಳ ಕೆಲಸವಾಯಿತು. ಹೊಸ ಓ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ, ಇಂಟರ್‌ಕೂಲರ್ ಪೈಪಿನ ದಿಕ್ಕಿಗೆ ಸರಿಯಾಗುವಂತೆ ಶಂಖವನ್ನು ತಿರುಗಿಸಿದೆ. ಆಗ ಇನ್ನೊಂದು ತೊಡಕು ಎದುರಾಯಿತು. ಬೂಸ್ಟ್ ಮಿತಿಮೀರದಂತೆ ಹೊಗೆಯನ್ನು ಟರ್ಬೈನಿನ ಪಕ್ಕಕ್ಕೆ ಬಿಡುವ ಬಾಗಿಲೇ ವೇಸ್ಟ್‌ಗೇಟ್. ಅದನ್ನು ರಾಡಿನಿಂದ ತೆರೆಯುವ ಆಕ್ಚುಯೇಟರಿನ ಬ್ರಾಕೆಟ್ ಇರುವುದು ಶಂಖದ ಮೇಲೆಯೇ. ಶಂಖ ತಿರುಗಿದರೆ ಅದೂ ತಿರುಗುತ್ತದೆ, ರಾಡ್ ಓರೆಯಾಗಿ ವೇಸ್ಟ್‌ಗೇಟಿನ ತೋಳನ್ನು ಎಳೆಯುತ್ತದೆ. ಹಾಗೆ ಬಿಟ್ಟರೆ ಬೂಸ್ಟ್ ಎಂದೂ ಸ್ಥಿರವಾಗಿ ನಿಲ್ಲುವುದಿಲ್ಲ. ಐದು ಮಿ.ಮೀ. ತಗಡಿನಲ್ಲಿ ಹೊಸ ಬ್ರಾಕೆಟ್ ಕತ್ತರಿಸಿದ ಮೇಲೆ ರಾಡ್ ನೇರವಾಯಿತು.

ಹೋದ ಭಾನುವಾರ ಬೆಳಗಿನ ಜಾವ ಕಾತ್ರಜ್‌ನ ಹಳೆಯ ಘಾಟಿಗೆ ಹೋದೆ. ಪಕ್ಕದ ಸೀಟಿನಲ್ಲಿ ಕಾಕಾ. ನಾಲ್ಕನೆಯ ಗೇರ್, 3000 ಸುತ್ತು, ಏರು, ಕಾಲು ಪೂರ್ತಿ ಒತ್ತಿದೆ. ಮುಳ್ಳು 0.7 ದಾಟಿತು, 0.8 ದಾಟಿತು, ಒಂದಿಷ್ಟೂ ನಡುಗಲಿಲ್ಲ. 3700ರ ಹೊತ್ತಿಗೆ 1 ಬಾರ್ ಬಂದು ನಿಂತಿತು. ಪಾರಿವಾಳದ ಸದ್ದಿನ ಜಾಗದಲ್ಲಿ ಈಗ ಸಣ್ಣಗೆ ಊಳಿಡುವ ಸದ್ದು, ಸೀಳಿನದು. ಕಾಕಾ ಕಿಟಕಿಯ ಗಾಜು ಇಳಿಸಿ ಕೇಳಿಸಿಕೊಂಡರು. "ಇನ್ನೊಂದು ಸಲ ಹತ್ತಿಸು" ಎಂದರು. ಮೂರು ಸಲ ಹತ್ತಿದೆವು. ಮೂರನೆಯ ಸಲಕ್ಕೆ ಇಂಟರ್‌ಕೂಲರ್ ದಾಟಿ ಬರುವ ಗಾಳಿ 61 ಡಿಗ್ರಿ ತೋರಿಸಿತು. ಮುಂಚಕ್ರದ ಪಕ್ಕದಲ್ಲಿರುವ ಮೂಲದ ಪುಟ್ಟ ಇಂಟರ್‌ಕೂಲರಿಗೆ ಇದು ಭಾರವಾಗುತ್ತಿದೆ.

ದೀಪಾವಳಿಗೆ ಊರಿಗೆ ಹೋಗುವಾಗ ಖಂಬಾಟ್ಕಿ ಮತ್ತೆ ಸಿಗುತ್ತದೆ. ಅಷ್ಟರೊಳಗೆ ಬಂಪರಿನ ಹಿಂದೆ ದೊಡ್ಡ ಇಂಟರ್‌ಕೂಲರ್ ಕೂರಿಸಬೇಕು. ಅಳತೆ ತೆಗೆಯಲು ನಾಳೆ ಬಂಪರ್ ಬಿಚ್ಚುತ್ತೇನೆ.