‘ಎಂತ ಮಾರಾಯ, ಇಲ್ಲಿ ಕಡಲೇ ಇಲ್ಲ!’

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ, ಮೊದಲ ಮಹಡಿಯ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ನನ್ನ ಕೆಲಸ. ಕಾಶಿ ಯಾತ್ರೆಯೂ ಹನಿಮೂನೂ ಒಂದೇ ಟೇಬಲ್ ಮೇಲೆ ಬುಕ್ ಆಗುವ ಜಾಗ ಅದು. ಮನೆ ಮಲ್ಪೆಯಲ್ಲಿ. ಅಪ್ಪ ಬೋಟಿನಲ್ಲಿ ದುಡಿದವರು. ಹಾಗಾಗಿ ಕಡಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸಣ್ಣ ಜಂಬ ನನಗಿತ್ತು.

ಅದು ಇಳಿದದ್ದು ಒಂದು ಜನವರಿಯ ಸಂಜೆ, ನಾಲ್ಕೂವರೆಗೆ. ಬ್ಯಾಂಕಿನಿಂದ ರಿಟೈರ್ ಆದ ಮ್ಯಾನೇಜರ್ ಒಬ್ಬರನ್ನು ಹೆಂಡತಿ, ಮಗಳು, ಅಳಿಯ, ಐದು ವರ್ಷದ ಮೊಮ್ಮಗನ ಜೊತೆ ಅಂಡಮಾನಿಗೆ ಕಳಿಸಿದ್ದೆ. ಹ್ಯಾವ್‌ಲಾಕ್‌ನಲ್ಲಿ ಮೂರು ರಾತ್ರಿ. 2018ರ ಕೊನೆಗೆ ಅದಕ್ಕೆ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರೂ ನಮ್ಮ ಕಸ್ಟಮರ್‌ಗಳ ಬಾಯಲ್ಲಿ ಈಗಲೂ ಹ್ಯಾವ್‌ಲಾಕೇ. ರೆಸಾರ್ಟ್ ಕಡಲಿಗೆ ತಾಗಿಕೊಂಡೇ ಇತ್ತು. ರೂಮಿನಿಂದ ಇಪ್ಪತ್ತು ಹೆಜ್ಜೆಗೆ ನೀರು ಅಂತ ನಾನೇ ಹೇಳಿದ್ದೆ. ಫೋಟೋದಲ್ಲಿ ಹಾಗೇ ಕಾಣುತ್ತಿತ್ತು.

ಫೋನ್ ಎತ್ತಿದ ಕೂಡಲೇ, "ಎಂತ ಮಾರಾಯ, ಇಲ್ಲಿ ಕಡಲೇ ಇಲ್ಲ!"

ತಮಾಷೆ ಅಂದುಕೊಂಡೆ. ಹಿಂದೆಯೇ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಬೂದು ಬಣ್ಣದ ಕಲ್ಲು, ಸತ್ತ ಹವಳದ ಚೂರು, ಅಲ್ಲಲ್ಲಿ ಮೊಣಕಾಲಿಗೂ ಬಾರದ ನೀರಿನ ಗುಂಡಿ. ಒಂದು ಬೋಟು ಪಕ್ಕಕ್ಕೆ ವಾಲಿ ಮಲಗಿತ್ತು. ನೀರು ಎಲ್ಲೋ ದೂರದಲ್ಲಿ ನೀಲಿ ಗೆರೆಯ ಹಾಗೆ. ಮುಂದುಗಡೆ ಮೊಮ್ಮಗ ಕೆಂಪು ಪ್ಲಾಸ್ಟಿಕ್ ಬಕೆಟ್ ಕವುಚಿ ಹಾಕಿ ಅದರ ಮೇಲೆ ಕೂತಿದ್ದ. ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ನಿಂತಿದ್ದರು. ಕಾಲು ಒದ್ದೆ ಮಾಡಿಕೊಳ್ಳಲು ನೀರೇ ಇರಲಿಲ್ಲ.

ಆವತ್ತು ಹುಣ್ಣಿಮೆಯ ಮರುದಿನ. ಇದನ್ನು ಕ್ಯಾಲೆಂಡರ್‌ನಲ್ಲಿ ನೋಡಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರವೂ ಜೋರು, ಇಳಿತವೂ ಜೋರು ಅಂತ ಮಲ್ಪೆಯ ಸಣ್ಣ ಮಕ್ಕಳಿಗೂ ಗೊತ್ತು. ಆಫೀಸಿನ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ತೆರೆದ ಕೂಡಲೇ ಅದನ್ನು ಮರೆತಿದ್ದೆ. ನಮ್ಮ ಕಡೆ ಇಳಿತದಲ್ಲಿ ನೀರು ಸ್ವಲ್ಪ ಹಿಂದೆ ಸರಿಯುತ್ತದೆ, ಮರಳು ಸ್ವಲ್ಪ ಅಗಲವಾಗುತ್ತದೆ, ಅಷ್ಟೇ. ಹ್ಯಾವ್‌ಲಾಕ್‌ನ ಪೂರ್ವದ ಬದಿಯಲ್ಲಿ ಹಾಗಲ್ಲ. ಅಲ್ಲಿ ದಡದ ಮುಂದೆ ತಟ್ಟೆಯ ಹಾಗೆ ಸಪಾಟಾದ ಕಲ್ಲು, ಹವಳದ ನೆಲ. ಹುಣ್ಣಿಮೆಯ ಹೊತ್ತಿಗೆ ನೀರು ಸುಮಾರು ಎರಡು ಮೀಟರ್ ಇಳಿದರೆ, ಆ ಸಪಾಟು ನೆಲ ಪೂರ್ತಿ ಬರಿದಾಗುತ್ತದೆ. ತಟ್ಟೆಯಲ್ಲಿನ ಗಂಜಿ ತಿಳಿ ಬಸಿದ ಹಾಗೆ. ಗೋವಿಂದನಗರ, ವಿಜಯನಗರ ಅಂತ ಹೆಚ್ಚಿನ ರೆಸಾರ್ಟ್‌ಗಳು ಇರುವುದು ಇದೇ ಬದಿಯಲ್ಲಿ. ಫೋಟೋ ತೆಗೆಯುವವರು ನೀರು ತುಂಬಿದಾಗಲೇ ತೆಗೆಯುತ್ತಾರೆ, ಅದು ಅವರ ತಪ್ಪಲ್ಲ ಬಿಡಿ.

ನನ್ನ ತಪ್ಪು ಅಲ್ಲಿಗೇ ಮುಗಿದಿರಲಿಲ್ಲ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಇಳಿತ ಅವೆರಡರ ನಡುವೆ. ಅಂದರೆ ಸಂಜೆ ನಾಲ್ಕೂವರೆಗೆ ನೀರು ಇಳಿದಿದ್ದರೆ, ಬೆಳಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಅದೇ ಜಾಗದಲ್ಲಿ ನೀರು ತುಂಬಿ ತುಳುಕುತ್ತಿತ್ತು. ಆ ಹೊತ್ತಿಗೆ ನಾನು ಅವರಿಗೆ ಎಂತ ಹಾಕಿದ್ದೆ? ಬೆಳಗ್ಗೆ ಪೂರ್ತಿ ಹೊರಗಿನ ಸುತ್ತಾಟ, ಮಧ್ಯಾಹ್ನದ ಮೇಲೆ ‘ರೆಸಾರ್ಟ್ ಬೀಚಿನಲ್ಲಿ ವಿಶ್ರಾಂತಿ’. ಸರಿಯಾಗಿ ಉಲ್ಟಾ. ಸಂಜೆ ಕಾದು ಕೂತರೆ ನೀರು ಬರುವುದಿಲ್ವಾ ಅಂತ ಕೇಳಬಹುದು. ಬರುತ್ತದೆ, ಆದರೆ ಕತ್ತಲಲ್ಲಿ. ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಜನವರಿಯಲ್ಲಿ ಉಡುಪಿಯಲ್ಲಿ ಆರು ಕಾಲಕ್ಕೂ ಬೆಳಕಿದ್ದರೆ, ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿ ಆಗಿರುತ್ತದೆ.

ರೆಸಾರ್ಟ್ ಬದಲಿಸೋಣ ಅಂದರೆ ದುಡ್ಡು ವಾಪಸ್ ಬರುವ ಹಾಗಿರಲಿಲ್ಲ. ಹಾಗಾಗಿ ದಿನವನ್ನೇ ತಿರುಗಿಸಿದೆ. ಬೆಳಗ್ಗೆ ತಿಂಡಿ ಮುಗಿಸಿ ರೂಮಿನ ಎದುರಿನ ನೀರಿನಲ್ಲೇ ಆಟ. ಮಧ್ಯಾಹ್ನ ಎರಡಕ್ಕೆ ಟ್ಯಾಕ್ಸಿ ಹಿಡಿದು ದ್ವೀಪದ ಪಶ್ಚಿಮ ಬದಿಯ ರಾಧಾನಗರ ಬೀಚಿಗೆ. ಹತ್ತು-ಹನ್ನೆರಡು ಕಿಲೋಮೀಟರ್ ದಾರಿ. ಅಲ್ಲಿ ಕಲ್ಲಿಲ್ಲ, ಕಾಲಿಗೆ ಬರೀ ನುಣ್ಣನೆ ಮರಳು. ಇಳಿತ ಇದ್ದರೂ ನೀರಿಗೆ ಇಳಿಯಬಹುದು, ಮೇಲಿಂದ ಸೂರ್ಯಾಸ್ತವೂ ಸಿಗುತ್ತದೆ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ದೇಶದ ಎಂಟು ಬೀಚುಗಳಿಗೆ ಸಿಕ್ಕಿತಲ್ಲ, ಅದರಲ್ಲಿ ನಮ್ಮ ಪಡುಬಿದ್ರಿ ಇತ್ತು, ರಾಧಾನಗರವೂ ಇತ್ತು. ಇದನ್ನು ಹೇಳಿದ ಮೇಲೆ ಮ್ಯಾನೇಜರ್ ಸಾರ್ ಸ್ವಲ್ಪ ತಣ್ಣಗಾದರು. ಪಡುಬಿದ್ರಿ ಅವರ ಹೆಂಡತಿಯ ತವರು. ಎರಡು ದಿನದ ಟ್ಯಾಕ್ಸಿ ಖರ್ಚು ನಾವೇ ಕೊಟ್ಟೆವು, ನಮ್ಮ ಯಜಮಾನರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎರಡು ಎಚ್ಚರಿಕೆಯನ್ನೂ ಫೋನಿನಲ್ಲೇ ಹೇಳಿದೆ. ಒಂದು, ಹುಡುಗ ಹವಳದ ಚೂರು ಜೇಬಿಗೆ ಹಾಕಿಕೊಂಡಿದ್ದರೆ ಅಲ್ಲೇ ಬಿಡಿಸಿ. ಸತ್ತ ಹವಳವನ್ನೂ ಒಯ್ಯುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುತ್ತಾರೆ. ಇನ್ನೊಂದು, ರಾಧಾನಗರದಲ್ಲಿ ಗಾರ್ಡ್‌ಗಳು ಇರುವ ಕಡೆಯೇ ನೀರಿಗೆ ಇಳಿಯಿರಿ, ತುದಿಯ ಮೂಲೆಗೆ ಹೋಗಬೇಡಿ. 2010ರಲ್ಲಿ ಆ ಕಡೆ ಉಪ್ಪುನೀರಿನ ಮೊಸಳೆಯ ಬಾಯಿಗೆ ಸಿಕ್ಕಿ ಒಬ್ಬರು ಪ್ರವಾಸಿ ತೀರಿಕೊಂಡಿದ್ದಾರೆ. ಇದನ್ನು ಹೇಳಿದರೆ ಬುಕಿಂಗ್ ಕ್ಯಾನ್ಸಲ್ ಆಗುತ್ತದೆ ಅಂತ ನಮ್ಮ ಲೈನಿನಲ್ಲಿ ಸುಮ್ನೆ ಇರುವವರೇ ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ.

ಆಮೇಲಿಂದ ನಾನು ಕೇಳುವ ಮೊದಲ ಪ್ರಶ್ನೆ ಬಜೆಟ್ ಅಲ್ಲ. "ನೀರಿಗೆ ಇಳಿಯುವವರು ಯಾರು? ಎಲ್ಲಿವರೆಗೆ?" ಇದಕ್ಕೆ ಜನ ಮೊದಲು ನಗುತ್ತಾರೆ. ಸ್ವಲ್ಪ ಹೊತ್ತಿಗೆ ನಿಜ ಹೊರಬರುತ್ತದೆ. ಅತ್ತೆಗೆ ಮಂಡಿನೋವು, ಪಾದ ಮುಳುಗಿದರೆ ಸಾಕು. ಗಂಡನಿಗೆ ಈಜು ಬರುತ್ತದೆ, ಹೆಂಡತಿಗೆ ನೀರೆಂದರೆ ಹೆದರಿಕೆ. ಹುಡುಗರಿಗೆ ಅಲೆ ಬೇಕು. ಇಷ್ಟು ಗೊತ್ತಾದ ಮೇಲೆ ಮ್ಯಾಪ್ ತೆಗೆದು ಬೀಚ್ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನೋಡುತ್ತೇನೆ. ನಮಗೆ ಕಡಲು ಅಂದರೆ ಪಡುವಣ, ಇನ್ನೊಂದು ದಿಕ್ಕು ತಲೆಗೇ ಬರುವುದಿಲ್ಲ. ದ್ವೀಪಕ್ಕೆ ನಾಲ್ಕು ಬದಿ ಇರುತ್ತದೆ, ಒಂದೊಂದು ಬದಿಯ ಬುದ್ಧಿಯೂ ಬೇರೆ.

ಬಾಲಿಯನ್ನೇ ನೋಡಿ. ಡಿಸೆಂಬರ್‌ನಲ್ಲಿ ಮದುವೆಯಾಗಿ ಅಲ್ಲಿಗೆ ಹೋಗುವ ಜೋಡಿಗಳು ಕೇಳುವುದು ಕುಟಾ, ಸೆಮಿನ್ಯಾಕ್. ಅದು ಪಶ್ಚಿಮ ಬದಿ. ಅಲೆ ಜೋರು, ಸರ್ಫಿಂಗ್ ಮಾಡುವವರಿಗೆ ಸರಿ. ಆದರೆ ಡಿಸೆಂಬರ್‌ನಿಂದ ಫೆಬ್ರವರಿ ಅಲ್ಲಿನ ಮಳೆಗಾಲ, ಗಾಳಿ ಆ ಬದಿಗೇ ಬೀಸಿ ಪ್ಲಾಸ್ಟಿಕ್ ಕಸವನ್ನು ದಡಕ್ಕೆ ತಂದು ಹಾಕುತ್ತದೆ. ಈಜು ಬಾರದವರಿಗೆ ನಾನು ಸಾನೂರ್ ಅಥವಾ ನುಸಾ ದುವಾ ಹೇಳುತ್ತೇನೆ. ಅವು ಪೂರ್ವದ ಬದಿ, ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುತ್ತದೆ. ಆದರೆ ಅಲ್ಲೂ ಇಳಿತದಲ್ಲಿ ನೀರು ದೂರ ಹೋಗುತ್ತದೆ. ಈಗ ಅದನ್ನು ಮೊದಲೇ ಹೇಳುತ್ತೇನೆ.

ನಮ್ಮ ಊರಿನವರ ದೊಡ್ಡ ತೊಂದರೆ ಮಕ್ಕಳ ರಜೆ. ಎಲ್ಲರೂ ಹೊರಡುವುದು ಏಪ್ರಿಲ್-ಮೇ ತಿಂಗಳಲ್ಲೇ. ಮೇ ಕೊನೆಗೆ ಶ್ರೀಲಂಕಾದ ಬೆಂತೋಟ, ಮಿರಿಸ್ಸಾಕ್ಕೆ ಹೋದರೆ ಮಳೆಗಾಳಿ, ಕಲಕಿದ ನೀರು. ನಮ್ಮ ಮುಂಗಾರೇ ಅಲ್ಲಿಯ ನೈಋತ್ಯ ಕರಾವಳಿಗೂ ಹೊಡೆಯುವುದು. ಅದೇ ಹೊತ್ತಿಗೆ ದ್ವೀಪದ ಪೂರ್ವದಲ್ಲಿ, ಟ್ರಿಂಕೋಮಲಿ ಹತ್ತಿರದ ನೀಲಾವೇಲಿ, ಇನ್ನೂ ಕೆಳಗಿನ ಪಾಸಿಕುಡಾದಲ್ಲಿ ಕಡಲು ಸಮಾಧಾನವಾಗಿರುತ್ತದೆ. ಪಾಸಿಕುಡಾದಲ್ಲಿ ತುಂಬಾ ದೂರದವರೆಗೆ ಆಳವೇ ಇಲ್ಲ. ಸಣ್ಣ ಮಕ್ಕಳಿದ್ದರೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ.

ಬೆಂಗಳೂರಿನವರು ಫೋನ್ ಮಾಡಿ, ಸೇಂಟ್ ಮೇರೀಸ್ ದ್ವೀಪದಲ್ಲಿ ಎರಡು ದಿನ ಸ್ಟೇ ಸಿಗುತ್ತಾ ಅಂತ ಕೇಳುವುದೂ ಉಂಟು. ಇಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ಮಲ್ಪೆಯಿಂದ ಬೋಟಿನಲ್ಲಿ ಹೋಗಿ, ಕಂಬ ಕಂಬವಾಗಿ ನಿಂತ ಲಾವಾ ಕಲ್ಲು ನೋಡಿ, ಸಂಜೆಯೊಳಗೆ ವಾಪಸ್. ಮಳೆಗಾಲದಲ್ಲಿ ಅದೂ ಇಲ್ಲ. ಮರಳಿಗಿಂತ ಕಲ್ಲು, ಚಿಪ್ಪೇ ಜಾಸ್ತಿ. ನೋಡಲು ಹೋಗಿ, ಈಜಲು ಬೇಡ ಅಂತಲೇ ಹೇಳುತ್ತೇನೆ.

ಮ್ಯಾನೇಜರ್ ಸಾರ್ ಕುಟುಂಬ ಮತ್ತೆ ನಮ್ಮ ಹತ್ತಿರ ಬರುವುದಿಲ್ಲ ಅಂದುಕೊಂಡಿದ್ದೆ. ಕಳೆದ ವರ್ಷ ಬಂದರು, ಗಂಡ-ಹೆಂಡತಿ ಇಬ್ಬರೂ. ಅಂಡಮಾನಿನದ್ದೇ ನೀಲ್ ದ್ವೀಪ ನೋಡಲು ಬಾಕಿಯಾಗಿದೆಯಂತೆ. ನಾನು ಸಿಸ್ಟಮ್ ಆನ್ ಮಾಡುವಷ್ಟರಲ್ಲಿ ಸಾರ್ ಹೆಂಡತಿ ಬ್ಯಾಗಿನಿಂದ ಪಂಚಾಂಗ ತೆಗೆದು ಟೇಬಲ್ ಮೇಲೆ ಇಟ್ಟರು. "ಅಷ್ಟಮಿ ನೋಡಿಕೊಂಡು ಬಂದಿದ್ದೇನೆ, ನೀರು ಜಾಸ್ತಿ ಇಳಿಯುವುದಿಲ್ಲ ಅಲ್ವಾ?" ಅಂದರು. ಆಮೇಲೆ ಕನ್ನಡಕ ಏರಿಸಿಕೊಂಡು, "ಈಗ ನೀನು ಹೇಳು, ಈ ರೂಮು ಯಾವ ಬದಿಗೆ?"