ಅಷ್ಟು ಚೆನ್ನಾಗಿದ್ದರೆ ಹೆಸರು ಮಾಡಬೇಕಿತ್ತಲ್ವಾ?

ಹೆಸರು ಮಾಡದ ರಾಕ್, ಮೆಟಲ್ ಬ್ಯಾಂಡುಗಳೇ ತುಂಬಿರುವ ನನ್ನ ಪ್ಲೇಲಿಸ್ಟ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ರಾಕ್, ಮೆಟಲ್ ಚೆನ್ನಾಗಿ ಕೇಳಿಕೊಂಡಿರುವ ಗೆಳೆಯರೂ ಕೇಳುತ್ತಾರೆ. "ಇದರಲ್ಲಿ ಒಂದು ಹೆಸರೂ ಗೊತ್ತಿಲ್ಲವಲ್ಲ! ಇವೆಲ್ಲ ಅಷ್ಟು ಚೆನ್ನಾಗಿದ್ದರೆ ಇಷ್ಟು ಹೊತ್ತಿಗೆ ಹೆಸರು ಮಾಡಬೇಕಿತ್ತಲ್ವಾ?" ದನಿಯಲ್ಲಿ ಸಣ್ಣ ಅನುಮಾನವೂ ಇರುತ್ತದೆ. ಯಾರೂ ಕೇಳದ್ದನ್ನು ಕೇಳಿ ದೊಡ್ಡಸ್ತಿಕೆ ತೋರಿಸುವ ಗಿರಾಕಿ ಇರಬೇಕು ಅಂತ. ಅಂಥವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೂ ಪ್ರಶ್ನೆ ಒಳ್ಳೆಯದು, ಸರಿಯಾದ ಉತ್ತರ ಕೊಡಬೇಕು.

ಮೆಟಾಲಿಕಾ ಕೇಳುವವರಿಗೆ "ಆಮ್ ಐ ಈವಿಲ್?" ಹಾಡು ಗೊತ್ತಿರುತ್ತದೆ. ಅದು ಮೆಟಾಲಿಕಾದ್ದಲ್ಲ. ಇಂಗ್ಲೆಂಡಿನ ಡೈಮಂಡ್ ಹೆಡ್ ಎಂಬ ಬ್ಯಾಂಡಿನದು. "ಬ್ರೆಡ್‌ಫ್ಯಾನ್" ಕೂಡ ಮೆಟಾಲಿಕಾದ್ದಲ್ಲ. ವೇಲ್ಸಿನ ಬಡ್ಜಿ ಎಂಬ ಮೂವರ ಬ್ಯಾಂಡು ಅದನ್ನು 1973ರಲ್ಲೇ ನುಡಿಸಿತ್ತು. ಅಂದರೆ ಹೆಸರು ಕೇಳಿಲ್ಲ ಅನ್ನುವವರು ಹಾಡನ್ನು ಆಗಲೇ ಕೇಳಿಯಾಗಿದೆ, ಬೇರೆಯವರ ಬಾಯಲ್ಲಿ. ಹಾಡಿನಲ್ಲಿ ಹುರುಳಿಲ್ಲದಿದ್ದರೆ ಜಗತ್ತಿನ ಅತಿ ದೊಡ್ಡ ಮೆಟಲ್ ಬ್ಯಾಂಡು ಅದನ್ನು ಎತ್ತಿಕೊಂಡು ನುಡಿಸುತ್ತಿತ್ತಾ?

ಡೈಮಂಡ್ ಹೆಡ್ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1980ರಲ್ಲಿ ಅವರು ಮೊದಲ ಆಲ್ಬಮ್ ತಂದರು. ಯಾವ ಕಂಪನಿಯೂ ಕೈಹಿಡಿಯಲಿಲ್ಲ, ತಾವೇ ಅಚ್ಚು ಹಾಕಿಸಿದರು. ಬಿಳಿ ಕವರ್, ಮೇಲೆ ಆಲ್ಬಮ್ಮಿನ ಹೆಸರೂ ಇಲ್ಲ, ಹಾಡುಗಳ ಪಟ್ಟಿಯೂ ಇಲ್ಲ. ಬ್ಯಾಂಡಿನವರಲ್ಲಿ ಯಾರಾದರೂ ಒಬ್ಬರ ಸಹಿ ಮಾತ್ರ. ಈಗ ಅದನ್ನು "ಲೈಟ್ನಿಂಗ್ ಟು ದ ನೇಶನ್ಸ್" ಅಂತ ಕರೆಯುತ್ತಾರೆ. ಬ್ರಯನ್ ಟ್ಯಾಟ್ಲರ್ ಗಿಟಾರಿನಲ್ಲಿ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ರಿಫ್ ಬರುತ್ತದೆ, ಇವರು ಒಂದು ಹಾಡಿಗೆ ಹಾಕಿದಷ್ಟು ರಿಫ್‌ಗಳಲ್ಲಿ ಬೇರೆಯವರು ಮೂರು ಹಾಡು ಮಾಡುತ್ತಿದ್ದರು. 1981ರ ಬೇಸಿಗೆಯಲ್ಲಿ ಲಾರ್ಸ್ ಉಲ್ರಿಕ್ ಎಂಬ ಹುಡುಗ ಅಮೆರಿಕದಿಂದ ಹೊರಟು ಇವರನ್ನು ನೋಡಲೆಂದೇ ಇಂಗ್ಲೆಂಡಿಗೆ ಬಂದ, ಇವರ ಮನೆಗಳಲ್ಲೇ ಉಳಿದ. ವಾಪಸ್ ಹೋಗಿ ಅದೇ ವರ್ಷ ಮೆಟಾಲಿಕಾ ಶುರು ಮಾಡಿದ. ಇತ್ತ ಇವರಿಗೆ ಕೊನೆಗೂ ದೊಡ್ಡ ಕಂಪನಿ ಸಿಕ್ಕಿತು. 1983ರ "ಕ್ಯಾಂಟರ್‌ಬರಿ" ಆಲ್ಬಮ್ಮಿನ ಮೊದಲ 20,000 ಪ್ರತಿಗಳ ಅಚ್ಚೇ ಸರಿ ಇರಲಿಲ್ಲ, ಪ್ಲೇಯರಿನ ಮೇಲಿಟ್ಟರೆ ಮುಳ್ಳು ಹಾರುತ್ತಿತ್ತು. ಹಾಡುಗಳ ದಾರಿಯೂ ಬದಲಾಗಿತ್ತು, ಹಳೆಯ ಅಭಿಮಾನಿಗಳಿಗೆ ಹಿಡಿಸಲಿಲ್ಲ. 1985ಕ್ಕೆ ಬ್ಯಾಂಡು ಮುಗಿಯಿತು. ಆಮೇಲೆ ಮತ್ತೆ ಸೇರಿದರು, ಅದು ಬೇರೆ ವಿಷಯ.

ಇದು ದುರದೃಷ್ಟದ ಕಥೆ. ಇಂಥ ಕಥೆಗಳು ಬೇಕಾದಷ್ಟಿವೆ. ಆದರೆ ನನ್ನ ಉತ್ತರ ಬರೀ ಅದೃಷ್ಟದ ಮೇಲೆ ನಿಂತಿಲ್ಲ. ಕೆಲವು ಆಲ್ಬಮ್‌ಗಳು ಯಾಕೆ ಹೆಸರು ಮಾಡಲಿಲ್ಲವೋ, ಅದೇ ಕಾರಣಕ್ಕೆ ಅವು ಚೆನ್ನಾಗಿವೆ. ಕೇಳುವವರನ್ನು ಓಡಿಸಿದ ಗುಣ ಯಾವುದೋ, ಉಳಿದವರನ್ನು ಹಿಡಿದು ಕೂರಿಸಿದ್ದೂ ಅದೇ.

ಸಿರಿತ್ ಉಂಗೋಲ್ ಬ್ಯಾಂಡನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ವೆಂಚುರಾ ಊರಿನವರು. 1984ರಲ್ಲಿ ಬಂದ "ಕಿಂಗ್ ಆಫ್ ದ ಡೆಡ್" ನಾನು ಯಾರಿಗೆ ಕೇಳಿಸಿದರೂ ಮೊದಲ ಅರ್ಧ ನಿಮಿಷದಲ್ಲಿ ಮುಖ ಕಿವುಚುತ್ತಾರೆ. ಕಾರಣ ಟಿಮ್ ಬೇಕರ್ ಅವರ ಗಂಟಲು. ಹಾಡುತ್ತಿದ್ದಾರೋ, ಯಾರೋ ಕತ್ತು ಹಿಚುಕುತ್ತಿದ್ದಾರೋ ಅನ್ನಿಸುತ್ತದೆ. ಅದೇ ಹೊತ್ತಿಗೆ ಅದೇ ರಾಜ್ಯದ ಲಾಸ್ ಏಂಜಲೀಸಿನಲ್ಲಿ ಕೂದಲು ಕೆದರಿಕೊಂಡು, ಲಿಪ್‌ಸ್ಟಿಕ್ ಹಚ್ಚಿಕೊಂಡು ಪಾರ್ಟಿ ಹಾಡು ಹಾಡಿದವರಿಗೆ ಕಂಪನಿಗಳು ಸಾಲುಗಟ್ಟಿ ನಿಂತಿದ್ದವು. ಇವರು ಸತ್ತ ರಾಜರು, ಪ್ರಳಯ, ಕತ್ತಿ, ಮಾಟ ಅಂತ ಹಾಡುತ್ತಿದ್ದರು. ಯಾರು ಕೇಳಬೇಕು?

ಆದರೆ ಆ ದನಿಯನ್ನು ತೆಗೆದು ಒಳ್ಳೆಯ, ನುಣ್ಣನೆಯ ಗಾಯಕನನ್ನು ಕೂರಿಸಿ ನೋಡಿ. ಆಲ್ಬಮ್ ಸತ್ತೇ ಹೋಗುತ್ತದೆ. "ಫಿಂಗರ್ ಆಫ್ ಸ್ಕಾರ್ನ್" ಹಾಡಿನಲ್ಲಿ ಮನುಕುಲಕ್ಕೆ ಶಾಪ ಹಾಕುತ್ತಿರುವವನ ಗಂಟಲು ಹಾಗೇ ಇರಬೇಕು. ಇನ್ನೊಂದು, ಇದರಲ್ಲಿ ತಗ್ಗು ದನಿಯ ಬೇಸ್ ಗಿಟಾರ್ ಹಿಂದೆ ಅಡಗಿ ಕೂರುವುದಿಲ್ಲ. ಮುಂದೆ ಬಂದು ಗುದ್ದುತ್ತದೆ. ಜೆರ್ರಿ ಫೋಗಲ್ ಅವರ ಗಿಟಾರ್ ಸೋಲೋಗಳಲ್ಲಿ ವೇಗದ ಪ್ರದರ್ಶನ ಇಲ್ಲ, ಎಪ್ಪತ್ತರ ದಶಕದವರ ಹಾಗೆ ಅಲೆದಾಡುತ್ತವೆ, ದಾರಿ ತಪ್ಪಿದಂತೆ ಹೋಗಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತವೆ. ಮಧ್ಯೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್‌ನ ಟೊಕಾಟಾ ಎಂಬ ಕೃತಿ ಕೂಡ ಬರುತ್ತದೆ. ಅದು ಇಲ್ಲದಿದ್ದರೂ ನಡೆಯುತ್ತಿತ್ತು, ನನ್ನನ್ನು ಕೇಳಿದರೆ. ಈ ಬ್ಯಾಂಡು 1992ರಲ್ಲಿ ಬಾಗಿಲು ಹಾಕಿತು. ಇಪ್ಪತ್ತಕ್ಕೂ ಜಾಸ್ತಿ ವರ್ಷ ಕಳೆದು ಮತ್ತೆ ವೇದಿಕೆ ಹತ್ತಿದಾಗ ಕೆಳಗೆ ನಿಂತು ಪ್ರತಿ ಸಾಲು ಹಾಡಿದವರಲ್ಲಿ ಆ ಆಲ್ಬಮ್ ಬಂದಾಗ ಹುಟ್ಟೇ ಇರದವರೂ ಇದ್ದರು.

ಇವರಂತೆಯೇ ಇನ್ನೊಬ್ಬರು ಕ್ಯಾನ್ಸಸ್‌ನ ವಿಚಿಟಾದ ಮನಿಲಾ ರೋಡ್. 1983ರ "ಕ್ರಿಸ್ಟಲ್ ಲಾಜಿಕ್" ಸ್ವಂತ ಲೇಬಲ್ಲಿನಲ್ಲಿ ಬಂದದ್ದು. ಮಾರ್ಕ್ ಶೆಲ್ಟನ್ ಮೂಗಿನಲ್ಲಿ ಹಾಡುತ್ತಾರೆ, ಧ್ವನಿಮುದ್ರಣ ತೆಳು. ಆದರೂ ಅದರಲ್ಲಿನ "ನೆಕ್ರೊಪೊಲಿಸ್" ಕೇಳಿದ ಮೇಲೆ ಎರಡು ದಿನ ತಲೆಯಿಂದ ಹೋಗುವುದಿಲ್ಲ. ಶೆಲ್ಟನ್ 2018ರಲ್ಲಿ ಜರ್ಮನಿಯ ಒಂದು ಸಂಗೀತ ಹಬ್ಬದಲ್ಲಿ ನುಡಿಸಿದ ಬೆನ್ನಲ್ಲೇ ತೀರಿಕೊಂಡರು. ತಮ್ಮ ದೇಶದಲ್ಲಿ ಸಿಗದ ಕೇಳುಗರು ಅವರಿಗೆ ಯೂರೋಪಿನಲ್ಲಿ ಸಿಕ್ಕಿದ್ದರು.

ಹೆಸರಿನ ಮಾತು ಬಂತು ಅಂತ ಹೇಳುತ್ತೇನೆ, ಒಂದು ಬ್ಯಾಂಡು ಅಕ್ಷರಶಃ ಹೆಸರಿನಿಂದಲೇ ಹೆಸರು ಮಾಡಲಿಲ್ಲ. ಡೆಟ್ರಾಯಿಟ್‌ನ ಹ್ಯಾಕ್ನಿ ಸಹೋದರರು, ಡೇವಿಡ್, ಬಾಬಿ ಮತ್ತು ಡ್ಯಾನಿಸ್. ಮೂವರೂ ಕಪ್ಪು ಜನಾಂಗದ ಹುಡುಗರು. ಅಕ್ಕಪಕ್ಕದವರೆಲ್ಲ ಸೋಲ್, ಫಂಕ್ ಕೇಳುತ್ತಿದ್ದ ಕಾಲದಲ್ಲಿ ಇವರು ಗಿಟಾರ್ ಜೋರು ಮಾಡಿ ರಾಕ್ ನುಡಿಸಿದರು. ಬ್ಯಾಂಡಿಗೆ "ಡೆತ್" ಅಂತ ಹೆಸರಿಟ್ಟರು. ಅಪ್ಪ ಅಪಘಾತದಲ್ಲಿ ಹೋಗಿದ್ದರು, ಸಾವು ಎಂಬ ಮಾತಿನ ಭಯ ತೆಗೆಯಬೇಕು ಅನ್ನುವುದು ದೊಡ್ಡವನು ಡೇವಿಡ್‌ನ ಹಟ. 1975ರಲ್ಲಿ ಏಳು ಹಾಡು ಮುದ್ರಿಸಿದರು. ರೆಕಾರ್ಡ್ ಕಂಪನಿಗಳ ಲೋಕದ ದೊಡ್ಡ ಮನುಷ್ಯ ಕ್ಲೈವ್ ಡೇವಿಸ್ ಅವರಿಗೆ ಹಾಡು ಹಿಡಿಸಿತ್ತು, ಹೆಸರು ಬದಲಿಸಿ ಅಂದರು. ಡೇವಿಡ್ ಒಪ್ಪಲಿಲ್ಲ. ಮಾತು ಅಲ್ಲಿಗೇ ಮುರಿಯಿತು. 1976ರಲ್ಲಿ ತಾವೇ 500 ಪ್ರತಿ ಸಿಂಗಲ್ ಹಾಕಿಸಿದರು. ಅಷ್ಟೇ.

ಆ ಏಳು ಹಾಡುಗಳು ಆಲ್ಬಮ್ ಆಗಿ ಹೊರಬಂದದ್ದು 2009ರಲ್ಲಿ. ಡೇವಿಡ್ 2000ದಲ್ಲೇ ತೀರಿಕೊಂಡಿದ್ದರು. ಅರ್ಧ ಗಂಟೆಗೂ ಕಡಿಮೆ ಇರುವ ಆ ಆಲ್ಬಮ್ ಕೇಳುವಾಗ ಮೈ ಜುಮ್ಮೆನ್ನುತ್ತದೆ. ಪಂಕ್ ಅಂತ ನಾವು ಕರೆಯುವ ಒರಟು, ವೇಗದ ರಾಕ್ ಸಂಗೀತ ರಾಮೋನ್ಸ್ ಬ್ಯಾಂಡಿನ ಮೊದಲ ಆಲ್ಬಮ್ಮಿಂದ ಶುರು ಅಂತ ಹೇಳುವುದು ವಾಡಿಕೆ. ಅದು ಬಂದದ್ದು 1976. ಇವರು ಅದಕ್ಕೂ ಮುಂಚೆ ಅದೇ ಸಿಟ್ಟು, ಅದೇ ಓಟದಲ್ಲಿ ನುಡಿಸಿ ಟೇಪುಗಳನ್ನು ಅಟ್ಟದ ಮೇಲೆ ಇಟ್ಟಿದ್ದರು. "ಪಾಲಿಟಿಶಿಯನ್ಸ್ ಇನ್ ಮೈ ಐಸ್" ಹಾಡಿನ ಮಧ್ಯದಲ್ಲಿ ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿದು ಮತ್ತೆ ಗಿಟಾರ್ ನುಗ್ಗುವ ಜಾಗ ಒಂದಿದೆ. ಹೆಸರು ಬದಲಿಸಿದ್ದರೆ ಕಂಪನಿ ಆ ಮೂಲೆಗಳನ್ನೆಲ್ಲ ಉಜ್ಜಿ ನಯ ಮಾಡಿರುತ್ತಿತ್ತು ಅಂತ ನನ್ನ ಗುಮಾನಿ. ಹಟಮಾರಿ ಮನುಷ್ಯ ಹೆಸರಲ್ಲಿ ಸೋಲದವನು ಹಾಡಲ್ಲೂ ಸೋಲುವುದಿಲ್ಲ.

ಅತಿಯಾಯಿತು ಅನ್ನಿಸುವ ಆಲ್ಬಮ್‌ಗಳೂ ಇವೆ. ಬ್ರೂಕ್ಲಿನ್‌ನ ಸರ್ ಲಾರ್ಡ್ ಬಾಲ್ಟಿಮೋರ್, 1970ರ "ಕಿಂಗ್‌ಡಮ್ ಕಮ್". ಜಾನ್ ಗಾರ್ನರ್ ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಾರೆ. ಹಾಡುತ್ತಾರೆ ಅನ್ನುವುದಕ್ಕಿಂತ ಕಿರುಚುತ್ತಾರೆ. ಗಿಟಾರಿನ ಮೇಲೆ ಗಿಟಾರ್ ಹೇರಿ, ಎಡಕ್ಕೊಂದು ಬಲಕ್ಕೊಂದು ಓಡಿಸಿದ್ದಾರೆ. ಇದರ ಧ್ವನಿಮುದ್ರಣದಲ್ಲಿ ಕೈಯಾಡಿಸಿದ್ದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಜೊತೆ ಕೆಲಸ ಮಾಡಿದ್ದ ಎಡ್ಡಿ ಕ್ರೇಮರ್. ಹಾಗಾಗಿ ಗದ್ದಲದಲ್ಲೂ ಒಂದು ಲೆಕ್ಕಾಚಾರ ಇದೆ. ಇದ್ದಕ್ಕಿದ್ದಂತೆ ಮಧ್ಯದಲ್ಲಿ ಪಿಯಾನೋ ಥರದ ಹಳೆಯ ವಾದ್ಯ ಹಾರ್ಪ್ಸಿಕಾರ್ಡ್ ಇಟ್ಟುಕೊಂಡು ಒಂದು ಮೆಲು ಹಾಡು ಬರುತ್ತದೆ, ಯಾಕೆ ಬಂತು ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. 1971ರಲ್ಲಿ ಕ್ರೀಮ್ ಪತ್ರಿಕೆಯಲ್ಲಿ ಈ ಆಲ್ಬಮ್ಮಿನ ವಿಮರ್ಶೆ ಬಂತು. ಒಂದು ಬಗೆಯ ಸಂಗೀತಕ್ಕೆ "ಹೆವಿ ಮೆಟಲ್" ಅಂತ ಹೆಸರಿಟ್ಟು ಬರೆದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ನಾಮಕರಣದಲ್ಲಿ ಪಾಲಿದ್ದ ಬ್ಯಾಂಡೇ ಯಾರಿಗೂ ಗೊತ್ತಿಲ್ಲ ನೋಡಿ!

ಅದೇ ಕಾಲದ ಕ್ಯಾಪ್ಟನ್ ಬಿಯಾಂಡ್ ಇದಕ್ಕೆ ತದ್ವಿರುದ್ಧ. ಡೀಪ್ ಪರ್ಪಲ್ ಬ್ಯಾಂಡಿನ ಮೊದಲ ಗಾಯಕ ರಾಡ್ ಎವನ್ಸ್, ಐರನ್ ಬಟರ್‌ಫ್ಲೈ ಬ್ಯಾಂಡಿನಿಂದ ಬಂದ ಇಬ್ಬರು, ಗಿಟಾರ್ ವಾದಕ ಜಾನಿ ವಿಂಟರ್ ಜೊತೆ ನುಡಿಸಿದ್ದ ಡ್ರಮ್ಮರ್ ಬಾಬಿ ಕಾಲ್ಡ್‌ವೆಲ್. 1972ರಲ್ಲಿ ಬ್ಯಾಂಡಿನ ಹೆಸರಲ್ಲೇ ಬಂದ ಆಲ್ಬಮ್. ಹಾಡುಗಳು ಒಂದರೊಳಗೊಂದು ಬೆಸೆದುಕೊಂಡಿವೆ. ಒಂದು ಹಾಡು ತೆಗೆದು ರೇಡಿಯೋಗೆ ಕೊಡೋಣ ಅಂದರೆ ಎಲ್ಲಿ ಕತ್ತರಿಸುವುದು? ಕಾಲ್ಡ್‌ವೆಲ್ ಡ್ರಮ್ಸ್ ಕೇಳಲೆಂದೇ ನಾನು ಇದನ್ನು ಮತ್ತೆ ಮತ್ತೆ ಹಾಕುತ್ತೇನೆ. ತಾಳ ಹಿಡಿಯಲು ಹೋದರೆ ಕೈ ತಪ್ಪುತ್ತದೆ, ಆದರೆ ಸಂಗೀತ ಎಲ್ಲೂ ಎಡವುವುದಿಲ್ಲ.

ಇನ್ನು ಮರೆತುಹೋದದ್ದೆಲ್ಲ ಅಪರಂಜಿ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಆಲ್ಬಮ್‌ಗಳು ಮೂಲೆ ಸೇರಿರುವುದು ನ್ಯಾಯವಾಗಿಯೇ. ಎರಡು ಒಳ್ಳೆಯ ಹಾಡು, ಉಳಿದದ್ದು ಜಾಗ ತುಂಬಿಸುವ ಕೆಲಸ. ವಿನೈಲ್ ರೆಕಾರ್ಡ್ ಸಂಗ್ರಹಿಸುವವರ ಲೋಕದಲ್ಲಿ ಅಪರೂಪದ್ದಕ್ಕೆ ಬೆಲೆ, ಚೆನ್ನಾಗಿರುವುದಕ್ಕಲ್ಲ. ಇವೆರಡೂ ಒಂದೇ ಅಂದುಕೊಂಡು ಮೋಸಹೋಗುವವರು ಜಾಸ್ತಿ. ನ್ಯೂಯಾರ್ಕಿನ ಡಸ್ಟ್ ಬ್ಯಾಂಡಿನ 1972ರ "ಹಾರ್ಡ್ ಅಟ್ಯಾಕ್" ಎಷ್ಟೋ ಜನಕ್ಕೆ ಪ್ರಾಣ. ಮುಂದೆ ರಾಮೋನ್ಸ್ ಸೇರಿ ಮಾರ್ಕಿ ರಾಮೋನ್ ಆದ ಹುಡುಗ ಅದರಲ್ಲಿ ಡ್ರಮ್ಸ್ ನುಡಿಸಿದ್ದಾನೆ, ಅದ್ಭುತವಾಗಿ. ಕವರಿನ ಮೇಲೆ ಫ್ರಾಂಕ್ ಫ್ರಜೆಟಾ ಬರೆದ ಹಿಮದ ನಾಡಿನ ಯೋಧರು. ಆದರೆ ಆ ಚಿತ್ರ ಕೊಟ್ಟ ಮಾತನ್ನು ಹಾಡುಗಳಲ್ಲಿ ಅರ್ಧ ಮಾತ್ರ ಉಳಿಸಿಕೊಂಡಿವೆ.

ಹಾಗೇ ಒಂದೇ ಆಲ್ಬಮ್ ಮಾಡಿ ಮಾಯವಾದವರು. ಫಿನ್ಲೆಂಡಿನ ಡೆಮಿಲಿಚ್, 1993ರ "ನೆಸ್ಪಿಥೆ". ಆಂಟಿ ಬೋಮನ್ ಅವರ ದನಿ ಮನುಷ್ಯರದ್ದು ಅಂತ ನಂಬುವುದು ಕಷ್ಟ. ತೇಗು ಅಂದರೂ ತಪ್ಪಿಲ್ಲ. ಯಂತ್ರದಲ್ಲಿ ತಿರುಚಿದ್ದಲ್ಲ, ಗಂಟಲೇ ಹಾಗೆ ಅಂತ ಆಲ್ಬಮ್ಮಿನಲ್ಲೇ ಬರೆದು ಹೇಳಬೇಕಾಯಿತು! ಗಿಟಾರ್ ರಿಫ್‌ಗಳು ಎರೆಹುಳದಂತೆ ಹೊರಳುತ್ತವೆ. ಅದೇ ವರ್ಷ ಮೆಲ್ಬರ್ನ್‌ನ ಡಿಸೆಂಬವೆಲ್‌ಮೆಂಟ್ ತನ್ನ ಒಂದೇ ಆಲ್ಬಮ್ ತಂದಿತು. ಅತಿ ವೇಗದ ಡೆತ್ ಮೆಟಲ್ (ಗುರುಗುಟ್ಟುವ ದನಿಯ ಉಗ್ರ ಮೆಟಲ್), ಅತಿ ನಿಧಾನದ ಡೂಮ್ (ಭಾರವಾದ ಮೆಟಲ್), ಮಧ್ಯೆ ಗಂಟೆಯ ಹಾಗೆ ಮೊಳಗುವ ಸ್ವಚ್ಛ ಗಿಟಾರ್, ಎಲ್ಲ ಒಂದೇ ಹಾಡಿನಲ್ಲಿ. ಡೆಮಿಲಿಚ್ ನನಗೆ ಇಷ್ಟ. ಆದರೆ ಡಿಸೆಂಬವೆಲ್‌ಮೆಂಟ್ ಅದಕ್ಕಿಂತ ಬಹಳ ಮೇಲೆ. ಮೊದಲನೆಯದರಲ್ಲಿ ಬೆರಗಿದೆ, ಎರಡನೆಯದರಲ್ಲಿ ದುಃಖವೂ ಇದೆ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಎಲ್ಲಿಂದ ಶುರು ಮಾಡಲಿ? ನಿಮಗೆ ಈಗಾಗಲೇ ಇಷ್ಟವಿರುವುದರ ಪಕ್ಕದ ಮನೆಯಿಂದ. ಬ್ಲ್ಯಾಕ್ ಸಬ್ಬತ್ ಇಷ್ಟವಾದರೆ ಜಪಾನಿನ ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಕೇಳಿ. ಸಬ್ಬತ್‌ನ ಮೊದಲ ಆಲ್ಬಮ್ ಬಂದ 1970ರಲ್ಲೇ ಅದರ ಒಂದು ಹಾಡನ್ನು ಇವರು ತಮ್ಮ ಆಲ್ಬಮ್ಮಿನಲ್ಲಿ ನುಡಿಸಿದ್ದರು. ಮರುವರ್ಷ "ಸಟೋರಿ" ಮಾಡುವಾಗ ಯಾರ ನೆರಳೂ ಇರಲಿಲ್ಲ. ಐದು ಭಾಗ, ಹಾಡುಗಳಿಗೆ ಬೇರೆ ಹೆಸರೇ ಇಲ್ಲ. ಮಾತುಗಳೂ ಕಡಿಮೆ. ಹಿಡೆಕಿ ಇಶಿಮಾ ಅವರ ಗಿಟಾರೇ ಹೆಚ್ಚು ಮಾತಾಡುತ್ತದೆ. ಐರನ್ ಮೇಡನ್ ಇಷ್ಟವಾದರೆ ಡೈಮಂಡ್ ಹೆಡ್. ಕಿರುಚಾಟ, ರಾಕ್ಷಸರು, ತಲೆಬುರುಡೆ ಯಾವುದೂ ಬೇಡ, ಆದರೆ ಭಾರ ಬೇಕು ಅನ್ನುವವರಿಗೆ ಇಂಗ್ಲೆಂಡಿನ ವಾರ್ನಿಂಗ್ ಬ್ಯಾಂಡಿನ 2006ರ "ವಾಚಿಂಗ್ ಫ್ರಮ್ ಎ ಡಿಸ್ಟೆನ್ಸ್". ಐದೇ ಹಾಡು, ಎಲ್ಲ ನಿಧಾನ. ಪ್ಯಾಟ್ರಿಕ್ ವಾಕರ್ ಒಡೆದ ಮನಸ್ಸಿನ ಬಗ್ಗೆ ನೇರವಾಗಿ, ನಾಚಿಕೆ ಬಿಟ್ಟು ಹಾಡುತ್ತಾರೆ. ಮನಸ್ಸು ಸರಿ ಇಲ್ಲದ ದಿನ ಇದನ್ನು ಹಾಕಬೇಡಿ. ಅಥವಾ ಆ ದಿನವೇ ಹಾಕಿ, ನಿಮಗೆ ಬಿಟ್ಟದ್ದು.

ಕೇಳುವಾಗ ಎರಡು ಮಾತು. ಫೋನಿನ ಸ್ಪೀಕರಿನಲ್ಲಿ ಬೇಡ. ಹಳೆಯ, ಕಡಿಮೆ ದುಡ್ಡಿನ ಧ್ವನಿಮುದ್ರಣಗಳಲ್ಲಿ ಬೇಸ್ ಇಲ್ಲವೇ ಇಲ್ಲ ಅನ್ನಿಸಿಬಿಡುತ್ತದೆ, ಸಿರಿತ್ ಉಂಗೋಲ್‌ನಲ್ಲಿ ಬೇಸ್ ಹೋದರೆ ಉಳಿಯುವುದು ಬರೀ ಕಿರುಚಾಟ. ಇನ್ನೊಂದು, ಸ್ಟ್ರೀಮಿಂಗ್‌ನಲ್ಲಿ ಒಂದೇ ಆಲ್ಬಮ್ಮಿನ ಎರಡು ಮೂರು ಆವೃತ್ತಿ ಸಿಗುತ್ತವೆ. ಹೊಸದಾಗಿ ರೀಮಾಸ್ಟರ್ ಮಾಡಿದ್ದರಲ್ಲಿ, ಅಂದರೆ ಹಳೆಯ ಮುದ್ರಣದ ದನಿಯನ್ನು ಮತ್ತೆ ತಿದ್ದಿದ್ದರಲ್ಲಿ, ಕೆಲವು ಸಲ ಎಲ್ಲವನ್ನೂ ಒಂದೇ ಮಟ್ಟಕ್ಕೆ ಜೋರು ಮಾಡಿರುತ್ತಾರೆ, ಡ್ರಮ್ಸ್ ಪೆಟ್ಟು ಚಪ್ಪಟೆ ಆಗಿರುತ್ತದೆ. ಹಳೆಯ ಆವೃತ್ತಿ ಸಿಕ್ಕರೆ ಅದನ್ನೇ ಕೇಳಿ. ಮತ್ತೆ, ಡಿಸೆಂಬವೆಲ್‌ಮೆಂಟ್‌ನಿಂದ ಮಾತ್ರ ಶುರು ಮಾಡಬೇಡಿ. ಹಾಗೆ ಶುರು ಮಾಡಿ ಈ ಕಡೆ ತಲೆ ಹಾಕದೇ ಹೋದವರು ನನಗೆ ಗೊತ್ತಿದ್ದಾರೆ.