ಪಟ್ಟಿಗೆ ಸಿಗದ ಬಿಪಿ

12 ನವೆಂಬರ್ 2024, ಮಂಗಳವಾರ
ರಾತ್ರಿ 10.40

ಬೆಳಿಗ್ಗೆ ಅಪ್ಪನ ಎಕೋ ಆಯಿತು. ಇಪ್ಪತ್ತು ನಿಮಿಷದ ಕೆಲಸ ಅಂದಿದ್ದರು, ಮುಕ್ಕಾಲು ಗಂಟೆ ಹಿಡಿಯಿತು. ಯಂತ್ರ ಸರಿಯಾಗೇ ಇತ್ತು. ತಕರಾರು ಮಾಡಿದ್ದು ಅಪ್ಪನ ಎದೆ.

ಎಕೋದಲ್ಲಿ ಕಿವಿಗೆ ಕೇಳದ ಶಬ್ದದ ಅಲೆಯನ್ನು ಒಳಗೆ ಬಿಟ್ಟು, ಅದು ಹೃದಯಕ್ಕೆ ತಾಗಿ ವಾಪಸ್ ಬಂದದ್ದನ್ನು ಚಿತ್ರ ಮಾಡುತ್ತಾರೆ. ಆ ಅಲೆ ಗಾಳಿಯನ್ನು ದಾಟುವುದಿಲ್ಲ. ಅಪ್ಪನಿಗಿರುವುದು ಎಂಫಿಸೀಮಾ ಅನ್ನೋ ಶ್ವಾಸಕೋಶದ ಕಾಯಿಲೆ. ಅದು ಇರುವವರ ಎದೆಯಲ್ಲಿ ತುಂಬಿರುವುದೇ ಗಾಳಿ. ಉಬ್ಬಿದ ಶ್ವಾಸಕೋಶ ಹೃದಯದ ಮುಂದೆ ಬಂದು ಪರದೆ ಎಳೆದ ಹಾಗೆ ನಿಂತಿರುತ್ತದೆ. ಟೆಕ್ನಿಷಿಯನ್ ಅಪ್ಪನನ್ನು ಎಡಕ್ಕೆ ಮಲಗಿಸಿದಳು, ಸ್ವಲ್ಪ ಹೊರಳಿಸಿದಳು, ಇನ್ನಷ್ಟು ಜೆಲ್ ಹಚ್ಚಿದಳು. ಯಂತ್ರದ ಪರದೆ ಮೇಲೆ ಬರೀ ಬೂದು ಮಂಜು.

"ಸರ್, ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡ್ಕೊಳ್ಳಿ" ಅಂದಳು.

"ಪೂರ್ತಿ ಬಿಡೋಕೆ ಆಗಿದ್ದರೆ ನಾನು ಇಲ್ಲಿಗೆ ಯಾಕಮ್ಮ ಬರ್ತಿದ್ದೆ?" ಅಂದರು ಅಪ್ಪ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪನ ಕಾಯಿಲೆಯನ್ನು ಇಷ್ಟು ಚೆನ್ನಾಗಿ ಇನ್ಯಾರೂ ಹೇಳಿರಲಿಲ್ಲ. ಎಲ್ಲರೂ ಅಂದುಕೊಳ್ಳುವುದು ಉಸಿರು ಎಳೆದುಕೊಳ್ಳೋಕೆ ಕಷ್ಟ ಅಂತ. ಎಂಫಿಸೀಮಾದಲ್ಲಿ ಕಷ್ಟ ಇರುವುದು ಬಿಡೋದರಲ್ಲಿ. ಗಾಳಿಗೂಡುಗಳ ನಡುವಿನ ತೆಳು ಗೋಡೆಗಳು ಕರಗಿ, ನೂರು ಸಣ್ಣ ಗೂಡುಗಳ ಜಾಗದಲ್ಲಿ ಒಂದು ಜೋಲು ಚೀಲ ಉಳಿಯುತ್ತದೆ. ಹಿಗ್ಗಿದ ಮೇಲೆ ತಾನಾಗಿ ಕುಗ್ಗುವ ಬಿಗಿ ಅದಕ್ಕೆ ಇರುವುದಿಲ್ಲ. ಒಳಗೆ ಹೋದ ಗಾಳಿಯಲ್ಲಿ ಒಂದಷ್ಟು ಅಲ್ಲೇ ಉಳಿದುಬಿಡುತ್ತದೆ.

ಕೊನೆಗೆ ಅವಳು ಪ್ರೋಬನ್ನು ಎದೆಮೂಳೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿಟ್ಟು ಮೇಲ್ಮುಖವಾಗಿ ಒತ್ತಿದಳು. ಉಬ್ಬಿದ ಶ್ವಾಸಕೋಶ ಹೃದಯವನ್ನೂ ಕೆಳಕ್ಕೆ ದೂಡಿರುತ್ತದಲ್ಲ, ಅಲ್ಲಿಂದ ಕಂಡಿತು. ಕೆಂಪು ನೀಲಿ ಬಣ್ಣ ಮಿಣುಕಿತು. ರಕ್ತ ಹರಿಯುವ ವೇಗ ನೋಡುವ ಡಾಪ್ಲರ್ ಹಾಕಿದಾಗ ಜುಯ್, ಜುಯ್ ಅಂತ ಸದ್ದು. ಹೃದಯದ ಬಲಗಡೆ ಕವಾಟದಲ್ಲಿ ಒಂದಿಷ್ಟು ರಕ್ತ ಹಿಂದಕ್ಕೆ ಸೋರುತ್ತಿತ್ತು. ಆ ಸೋರಿಕೆಯ ವೇಗವನ್ನು ಅವಳು ಅಳೆದಳು. ಸೆಕೆಂಡಿಗೆ 3.2 ಮೀಟರ್.

ಈ ವೇಗದಿಂದ ಒತ್ತಡವನ್ನು ಲೆಕ್ಕ ಹಾಕಬಹುದು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ 41. ಬಲ ಹೃತ್ಕರ್ಣದ ಒತ್ತಡ ಅಂತ ಇನ್ನೊಂದು 8 ಸೇರಿಸಿದರು. ಒಟ್ಟು 49. ಶ್ವಾಸಕೋಶದ ರಕ್ತನಾಳದಲ್ಲಿ ಈ ಮೇಲಿನ ನಂಬರ್ ಸಾಮಾನ್ಯವಾಗಿ 25ರ ಸುತ್ತಮುತ್ತ ಇರಬೇಕು.

ಡಾಕ್ಟರ್ ರಿಪೋರ್ಟ್ ನೋಡಿ, "ಶ್ವಾಸಕೋಶದ ಬಿಪಿ ಜಾಸ್ತಿ ಇದೆ" ಅಂದರು.

ಮನೆಗೆ ಬಂದವರೇ ಅಪ್ಪ ಚಪ್ಪಲಿ ಬಿಟ್ಟು, ಸುಧಾರಿಸಿಕೊಂಡು, ಬಿಪಿ ಮೆಷಿನ್ ತೆಗೆದು ತೋಳಿಗೆ ಪಟ್ಟಿ ಸುತ್ತಿಕೊಂಡರು. 138, 68. "ನೋಡು ಪುಟ್ಟಿ, ಇಷ್ಟೇ ಇರೋದು. ಡಾಕ್ಟರ್ ಸುಮ್ನೆ ಹೆದರಿಸ್ತಾರೆ."

ಅಪ್ಪನದೇನು ತಪ್ಪಿಲ್ಲ. ಒಂದೂವರೆ ವರ್ಷದಿಂದ ನಾವಿಬ್ಬರೂ ಈ ಪಟ್ಟಿಯನ್ನೇ ನಂಬಿದ್ದೆವು. ಮೆಟ್ಟಿಲು ಹತ್ತುವಾಗ ಅಪ್ಪ ನಿಲ್ಲತೊಡಗಿದರು. ಬಿಪಿ ಸರಿ ಇದೆಯಲ್ಲ, ವಯಸ್ಸಾಯಿತು ಅಂದುಕೊಂಡೆ. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳತೊಡಗಿತು. ಆಗಲೂ ಪಟ್ಟಿ ಸುತ್ತಿ ನೋಡಿ ಸಮಾಧಾನ ಮಾಡಿಕೊಂಡೆ. ಆ ಪಟ್ಟಿ ನೋಡುವುದು ಬೇರೆಯೇ ಊರಿನ ಸುದ್ದಿ ಅಂತ ಗೊತ್ತಿರಲಿಲ್ಲ.

ಹೃದಯದಲ್ಲಿ ಎರಡು ಪಂಪು. ಎಡಗಡೆಯದು ಇಡೀ ಮೈಗೆ ರಕ್ತ ತಳ್ಳುತ್ತದೆ, ತೋಳಿನ ಪಟ್ಟಿಗೆ ಸಿಗುವುದು ಇದರ ಒತ್ತಡ. ಬಲಗಡೆಯದು ಶ್ವಾಸಕೋಶಕ್ಕೆ ಮಾತ್ರ. ನಿಮಿಷಕ್ಕೆ ಇಬ್ಬರೂ ತಳ್ಳುವ ರಕ್ತ ಒಂದೇ, ಸುಮಾರು 5 ಲೀಟರ್. ಆದರೆ ಬಲಗಡೆಯ ಸರಾಸರಿ ಒತ್ತಡ ಬರೀ 14ರಷ್ಟು, ಎಡಗಡೆಯ ಆರನೇ ಒಂದು ಪಾಲು. ಹಾಗಾಗಿ ಬಲಗಡೆಯ ಗೋಡೆ ತೆಳ್ಳಗಿರುತ್ತದೆ. ಈ ಸರಾಸರಿ 20 ದಾಟಿದರೆ ಶ್ವಾಸಕೋಶದ ಬಿಪಿ ಜಾಸ್ತಿ ಅಂತ ಈಗಿನ ಲೆಕ್ಕ. ಕೆಲವು ವರ್ಷದ ಹಿಂದಿನವರೆಗೆ ಗೆರೆ 25ರಲ್ಲಿತ್ತು.

ಎಕೋ ಹೇಳುವುದು ಅಂದಾಜು. ನಿಖರವಾಗಿ ಅಳೆಯಬೇಕಾದರೆ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಹೃದಯದ ಬಲಭಾಗಕ್ಕೆ ಇಳಿಸಬೇಕು. ಇದನ್ನು 1929ರಲ್ಲಿ ವರ್ನರ್ ಫೋರ್ಸ್‌ಮನ್ ಅನ್ನೋ ಜರ್ಮನಿಯ ಎಳೆ ಡಾಕ್ಟರ್ ತನ್ನ ಮೇಲೇ ಮಾಡಿಕೊಂಡ. ತೋಳಿನ ಅಭಿಧಮನಿಯಲ್ಲಿ ಕೊಳವೆ ತೂರಿಸಿಕೊಂಡು, ತಾನೇ ನಡೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿಕೊಂಡ. 1956ರಲ್ಲಿ ನೊಬೆಲ್ ಬಂತು. ಈ ಕಥೆ ಹೇಳಿದ್ದಕ್ಕೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನನಗೂ ಹಾಕ್ತಾರಾ?" ಸದ್ಯಕ್ಕೆ ಬೇಡ ಅಂದಿದ್ದಾರೆ ಡಾಕ್ಟರ್.

ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಓದುತ್ತಾ ಕೂತೆ. ಎಂಫಿಸೀಮಾದಿಂದ ಈ ಬಿಪಿ ಏರುವುದು ಹೇಗೆ ಅಂತ ನನ್ನ ತಲೆಯಲ್ಲಿ ಒಂದು ಚಿತ್ರ ಇತ್ತು. ಗಾಳಿಗೂಡಿನ ಗೋಡೆಯಲ್ಲೇ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಗೋಡೆ ಹೋದರೆ ಅವೂ ಹೋದವು. ಅಷ್ಟೇ ರಕ್ತ ಉಳಿದ ಕೆಲವೇ ದಾರಿಗಳಲ್ಲಿ ನುಗ್ಗಬೇಕು, ಒತ್ತಡ ಏರುತ್ತದೆ.

ಜೊತೆಗೆ ಇನ್ನೊಂದಿದೆ. ಮೈಯ ಬೇರೆ ಕಡೆ ಆಮ್ಲಜನಕ ಕಮ್ಮಿಯಾದರೆ ರಕ್ತನಾಳ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಉಲ್ಟಾ, ಬಿಗಿದುಕೊಳ್ಳುತ್ತದೆ. ಇದನ್ನು 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ತೋರಿಸಿದರು. ಆರೋಗ್ಯವಂತರಿಗೆ ಇದು ಜಾಣ ಏರ್ಪಾಡು. ಗಾಳಿ ಹೋಗದ ಮೂಲೆಗೆ ರಕ್ತ ಕಳಿಸಿ ಏನು ಪ್ರಯೋಜನ, ಗಾಳಿ ಇರುವ ಕಡೆಗೆ ತಿರುಗಿಸು ಅನ್ನೋ ಲೆಕ್ಕ. ಆದರೆ ಶ್ವಾಸಕೋಶದ ತುಂಬ ಆಮ್ಲಜನಕ ಕಮ್ಮಿಯಾದರೆ? ಎಲ್ಲ ನಲ್ಲಿಗಳೂ ಒಟ್ಟಿಗೆ ಬಿಗಿದುಕೊಳ್ಳುತ್ತವೆ. ಪಾಪದ ಬಲಗಡೆ ಪಂಪು ಮುಚ್ಚಿದ ನಲ್ಲಿಗಳಿಗೆ ಎದುರಾಗಿ ನೀರು ಎತ್ತಬೇಕು.

ಇಲ್ಲಿಯವರೆಗೆ ಸರಿ. ಮೊದಲು ಗಾಳಿಗೂಡು ಹಾಳು, ಆಮೇಲೆ ಒತ್ತಡ. ಕಾರಣ ಮುಂದೆ, ಪರಿಣಾಮ ಹಿಂದೆ.

ಆಮೇಲೆ ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಸಿಕ್ಕಿತು. 2011ರದ್ದು. ಇಲಿಗಳಿಗೆ ಎಂಟು ತಿಂಗಳು ಸಿಗರೇಟಿನ ಹೊಗೆ ಕೊಟ್ಟರು. ಎರಡೂ ಬಂದವು, ಎಂಫಿಸೀಮಾನೂ, ಶ್ವಾಸಕೋಶದ ಬಿಪಿಯೂ. ಆದರೆ ಮೊದಲು ಬಂದಿದ್ದು ಬಿಪಿ! ಗಾಳಿಗೂಡುಗಳು ಇನ್ನೂ ನೆಟ್ಟಗಿದ್ದಾಗಲೇ ರಕ್ತನಾಳಗಳು ಬದಲಾಗಿದ್ದವು. ಮತ್ತೆ ಹಿಂದಕ್ಕೆ ಹೋಗಿ ಓದಿದೆ. ಹೌದು, ಹಾಗೇ ಬರೆದಿದೆ.

ಅವರು ಇನ್ನೂ ಮುಂದೆ ಹೋದರು. ಹೊಗೆ ಬಿದ್ದಾಗ ರಕ್ತನಾಳದಲ್ಲಿ ಒಂದು ಕಿಣ್ವ ಜಾಸ್ತಿಯಾಗಿ ನೈಟ್ರಿಕ್ ಆಕ್ಸೈಡನ್ನು ಮಿತಿಮೀರಿ ಹುಟ್ಟಿಸುತ್ತದೆ, ಅದರಿಂದ ಅಂಗಾಂಶವನ್ನು ಕೆಡಿಸುವ ರಾಸಾಯನಿಕ ಆಗುತ್ತದೆ. ಆ ಕಿಣ್ವವೇ ಇಲ್ಲದ ಇಲಿಗಳಿಗೆ ಹೊಗೆ ಕೊಟ್ಟರೆ ಎರಡೂ ಕಾಯಿಲೆ ಬರಲಿಲ್ಲ. ಕಾಯಿಲೆ ಬಂದ ಇಲಿಗಳಿಗೆ ಕಿಣ್ವವನ್ನು ತಡೆಯುವ ಔಷಧ ಕೊಟ್ಟರೆ ಇಬ್ಬರೂ ಸುಧಾರಿಸಿದರು, ಶ್ವಾಸಕೋಶವೂ ರಕ್ತನಾಳವೂ. ಹಾಳಾದ ಗಾಳಿಗೂಡು ವಾಪಸ್ ಬರುವುದೇ ಇಲ್ಲ ಅಂತ ಹತ್ತು ಕಡೆ ಓದಿದ್ದ ನನಗೆ ಈ ಸಾಲು ಓದಿ ಎದ್ದು ಒಂದು ಸುತ್ತು ನಡೆಯಬೇಕು ಅನ್ನಿಸಿತು. ನಡೆದೆ. ವಾಪಸ್ ಬಂದು 'ಇಲಿ' ಅನ್ನೋ ಪದಕ್ಕೆ ಅಡಿಗೆರೆ ಎಳೆದೆ. ಮನುಷ್ಯರಿಗೆ ಅಂಥ ಔಷಧ ಇಲ್ಲ.

ಆದರೆ ರಕ್ತನಾಳ ಮೊದಲೇ ಕೆಡುತ್ತದೆ ಅನ್ನೋದಕ್ಕೆ ಮನುಷ್ಯರಲ್ಲೂ ಸುಳಿವಿದೆ. ಊದುವ ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಅಂತ ಬಂದ ಧೂಮಪಾನಿಗಳಲ್ಲೂ ಶ್ವಾಸಕೋಶದ ಸಣ್ಣ ರಕ್ತನಾಳಗಳ ಒಳಪದರ ದಪ್ಪವಾಗಿರುವುದನ್ನು ಸಂಶೋಧಕರು ನೋಡಿದ್ದಾರೆ. ಅಮೆರಿಕದಲ್ಲಿ 2,816 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸೂಕ್ಷ್ಮ. ಅವರಲ್ಲಿ ಹೆಚ್ಚಿನವರಿಗೆ ಶ್ವಾಸಕೋಶದ ದೊಡ್ಡ ತೊಂದರೆ ಏನೂ ಇರಲಿಲ್ಲ. ಆದರೂ ಸ್ಕ್ಯಾನ್‌ನಲ್ಲಿ ಎಂಫಿಸೀಮಾದ ಪಾಲು ಜಾಸ್ತಿಯಾದಷ್ಟೂ ಹೃದಯದ ಎಡಗಡೆ ಕೋಣೆ ಕಮ್ಮಿ ತುಂಬುತ್ತಿತ್ತು. ಶ್ವಾಸಕೋಶ ದಾಟಿ ಬರಬೇಕಾದ ರಕ್ತ ಪೂರ್ತಿ ಬರುತ್ತಿರಲಿಲ್ಲ. ಈಗಲೂ ಸಿಗರೇಟು ಸೇದುತ್ತಿದ್ದವರಲ್ಲಿ ಇದು ಹೆಚ್ಚು ಎದ್ದು ಕಂಡಿತು.

ಅಪ್ಪ ಸಿಗರೇಟು ಬಿಟ್ಟು ಹನ್ನೊಂದು ವರ್ಷ. ಅದಕ್ಕೆ ಮುಂಚಿನ ಮೂವತ್ತು ವರ್ಷದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನೂ ಇವತ್ತು ಮಾತಾಡಲಿಲ್ಲ.

ಇನ್ನು ತೋಳಿನ ಬಿಪಿ. ಅದಕ್ಕೂ ಎಂಫಿಸೀಮಾಗೂ ಸಂಬಂಧವೇ ಇಲ್ಲ ಅಂತ ಬದಿಗಿಡೋಣ ಅಂದುಕೊಂಡೆ, ಅದೂ ಆಗಲಿಲ್ಲ. 138, 68. ಮೇಲಿನದಕ್ಕೂ ಕೆಳಗಿನದಕ್ಕೂ 70ರ ಅಂತರ. ದೊಡ್ಡ ರಕ್ತನಾಳ ಬಿರುಸಾದಾಗ ಹೀಗೆ ಅಂತರ ಹಿಗ್ಗುತ್ತದೆ. ಎಡಿನ್‌ಬರೋ ಸಂಶೋಧಕರು 2007ರಲ್ಲಿ ಸಿಒಪಿಡಿ, ಅಂದರೆ ಎಂಫಿಸೀಮಾನೂ ಸೇರಿದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರನ್ನು ಪರೀಕ್ಷಿಸಿ, ಎಂಫಿಸೀಮಾ ಜಾಸ್ತಿ ಇದ್ದವರ ರಕ್ತನಾಳಗಳು ಹೆಚ್ಚು ಬಿರುಸು ಅಂತ ಕಂಡುಕೊಂಡರು.

ಇದರ ಹಿಂದೆ ಎಲಾಸ್ಟಿನ್ ಇರಬಹುದು. ಶ್ವಾಸಕೋಶಕ್ಕೆ ರಬ್ಬರಿನ ಗುಣ ಕೊಡುವ ಪ್ರೋಟೀನು ಅದು. ಮಹಾಪಧಮನಿಯಲ್ಲೂ ಅದೇ, ಚರ್ಮದಲ್ಲೂ ಅದೇ. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಕಟ್ಟಿದ್ದು, ಆಮೇಲೆ ಹೊಸದಾಗಿ ಆಗುವುದು ತೀರಾ ಕಮ್ಮಿ. ಬಿಳಿ ರಕ್ತಕಣಗಳ ಒಂದು ಕಿಣ್ವ ಇದನ್ನು ತಿನ್ನುತ್ತದೆ, ರಕ್ತದಲ್ಲಿರುವ ಇನ್ನೊಂದು ಪ್ರೋಟೀನು ಅದನ್ನು ತಡೆಯುತ್ತದೆ. ತಡೆಯುವ ಪ್ರೋಟೀನು ಇದೆ ಅನ್ನೋದರ ಮಹತ್ವ ಗೊತ್ತಾದದ್ದು 1963ರಲ್ಲಿ, ಸ್ವೀಡನ್ನಿನ ಮಾಲ್ಮೋದಲ್ಲಿ. ಲಾರೆಲ್ ಮತ್ತು ಎರಿಕ್ಸನ್ ಅನ್ನೋ ಸಂಶೋಧಕರು, ರಕ್ತದ ಪ್ರೋಟೀನುಗಳು ಗೆರೆಗಳಾಗಿ ಮೂಡುವ ಪರೀಕ್ಷೆಯ ಪಟ್ಟಿಗಳನ್ನು ನೋಡುವಾಗ ಐದು ಪಟ್ಟಿಗಳಲ್ಲಿ ಈ ಪ್ರೋಟೀನಿನ ಗೆರೆ ಕಾಣೆಯಾಗಿತ್ತು. ಆ ಐದು ಜನರಲ್ಲಿ ಮೂವರಿಗೆ ಎಂಫಿಸೀಮಾ. ಇರುವುದನ್ನು ನೋಡುವವರು ಬೇಕಾದಷ್ಟು ಜನ, ಇಲ್ಲದ ಗೆರೆಯನ್ನು ನೋಡಿದರಲ್ಲ ಇವರು!

ಅಂದರೆ ಒಂದೇ ದಾರ ಎರಡು ಕಡೆ ಸವೆಯುತ್ತಿರಬಹುದು. ಎದೆಯಲ್ಲಿ ಸವೆದರೆ ಗಾಳಿ ಒಳಗೇ ಉಳಿಯುತ್ತದೆ, ಮಹಾಪಧಮನಿಯಲ್ಲಿ ಸವೆದರೆ ತೋಳಿನ ಮೇಲಿನ ನಂಬರ್ ಏರುತ್ತದೆ. ಅದರ ಮೇಲೆ ಔಷಧದ ಆಟ ಬೇರೆ. ಜೂನ್‌ನಲ್ಲಿ ಉಸಿರಾಟ ಕೆಟ್ಟು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡ ವಾರ ಅಪ್ಪನ ಬಿಪಿ ಪುಸ್ತಕದಲ್ಲಿ 160 ದಾಟಿದ ನಂಬರುಗಳು ಸಾಲಾಗಿ ನಿಂತಿವೆ.

ಅಪ್ಪ ಬಿಪಿಗೆ ತಗೊಳ್ಳೋದು ಲೊಸಾರ್ಟಾನ್. ಆ ಹೆಸರು ಎಂಫಿಸೀಮಾ ಸಂಶೋಧನೆಯಲ್ಲೇ ಎದುರಾದಾಗ ಆಶೆ ಚಿಗುರಿತು. ಹೊಗೆ ಕುಡಿದ ಇಲಿಗಳ ಶ್ವಾಸಕೋಶವನ್ನು ಲೊಸಾರ್ಟಾನ್ ಕಾಪಾಡಿತ್ತು. ಸರಿ, ಮನುಷ್ಯರಲ್ಲೂ ನೋಡೋಣ ಅಂತ 220 ಜನರಿಗೆ 48 ವಾರ ಕೊಟ್ಟರು, ಅರ್ಧ ಜನರಿಗೆ ಲೊಸಾರ್ಟಾನ್, ಅರ್ಧ ಜನರಿಗೆ ಬರೀ ಹುಸಿ ಮಾತ್ರೆ. 2022ರಲ್ಲಿ ಫಲಿತಾಂಶ ಬಂತು. ಸ್ಕ್ಯಾನ್‌ನಲ್ಲಿ ಏನೂ ವ್ಯತ್ಯಾಸವಿಲ್ಲ. ಅಲ್ಲಿಗೆ ಆಯಿತು. ಇಲಿಗಳ ಅದೃಷ್ಟ ನಮಗಿಲ್ಲ.

ಶ್ವಾಸಕೋಶದ ಬಿಪಿಗೆ ಅಂತಲೇ ಮಾತ್ರೆ ಇವೆಯಲ್ಲ ಅಂತ ಬೆಳಿಗ್ಗೆ ಡಾಕ್ಟರನ್ನು ಕೇಳಿದ್ದೆ. ಅವರು ತಾಳ್ಮೆಯಿಂದ ಹೇಳಿದರು. ಆ ಮಾತ್ರೆ ಎಲ್ಲ ರಕ್ತನಾಳಗಳನ್ನೂ ಹಿಗ್ಗಿಸುತ್ತದೆ, ಗಾಳಿ ಇಲ್ಲದ ಮೂಲೆಗಳದ್ದನ್ನೂ. ಆಗ ರಕ್ತ ಅಲ್ಲಿಗೆ ಹೋಗಿ ಆಮ್ಲಜನಕವಿಲ್ಲದೆ ವಾಪಸ್ ಬರುತ್ತದೆ, ಉಸಿರು ಇನ್ನೂ ಕೆಡಬಹುದು. ಬೆಕ್ಕುಗಳ ಆ ಜಾಣ ಏರ್ಪಾಡನ್ನು ನಾವೇ ಮುರಿದ ಹಾಗೆ. ಇದನ್ನು ಬೆಳಿಗ್ಗೆ ಕೇಳಿದಾಗ ಅರ್ಥವಾಗಿರಲಿಲ್ಲ, ಮಧ್ಯಾಹ್ನ ಓದಿದ ಮೇಲೆ ಆಯಿತು.

ಮತ್ತೆ ಆಮ್ಲಜನಕ? ತೀರಾ ಕಮ್ಮಿ ಇದ್ದವರಿಗೆ ಅದು ಆಯುಸ್ಸು ಕೊಡುತ್ತದೆ, 1980 ಮತ್ತು 1981ರಲ್ಲಿ ಬಂದ ಎರಡು ಪ್ರಯೋಗಗಳು ಅದನ್ನು ತೋರಿಸಿದವು. ದಿನಕ್ಕೆ ಕಮ್ಮಿ ಅಂದರೂ 15 ಗಂಟೆ ಹಾಕಿಕೊಳ್ಳಬೇಕು. ಆದರೆ ಅಪ್ಪನ ಹಾಗೆ ಮಧ್ಯದಲ್ಲಿರುವವರಿಗೆ, ರಕ್ತದ ಆಮ್ಲಜನಕ ಕೂತಾಗ ಶೇಕಡಾ 93 ಇದ್ದು ನಡೆದಾಗ ಇಳಿಯುವವರಿಗೆ, ಅದರಿಂದ ಆಯುಸ್ಸಿಗಾಗಲೀ ಆಸ್ಪತ್ರೆ ತಪ್ಪಿಸುವುದಕ್ಕಾಗಲೀ ಲಾಭ ಕಾಣಲಿಲ್ಲ ಅಂತ 2016ರ ಪ್ರಯೋಗ ಹೇಳುತ್ತದೆ. ಸದ್ಯಕ್ಕೆ ಇನ್‌ಹೇಲರ್, ಉಸಿರಾಟದ ವ್ಯಾಯಾಮ, ದಿನಾ ನಡಿಗೆ, ಕಾಲಿನ ಊತಕ್ಕೆ ಒಂದು ಮಾತ್ರೆ. ಮೂರು ತಿಂಗಳಿಗೆ ಮತ್ತೆ ಎಕೋ.

ಸಂಜೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಇಲಿಗಳ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ ಅವರಿಗೆ ಬೇಕಾಗಿದ್ದು ಒಂದೇ. "ಒಳಗಿನ ಬಿಪಿನ ನಾನು ಮನೇಲಿ ನೋಡ್ಕೊಳ್ಳೋದು ಹೇಗೆ? ಪುಸ್ತಕದಲ್ಲಿ ಏನಂತ ಬರೀಲಿ?"

ನೋಡೋಕೆ ಆಗಲ್ಲ ಅಂದೆ. ಬೇಕಾದರೆ ಬೆರಳಿನ ಆಮ್ಲಜನಕ ಬರೆದಿಡಿ, ಕೂತಾಗ ಒಂದು, ನಡೆದ ಮೇಲೆ ಒಂದು. ತೂಕನೂ ಬರೀರಿ.

ಬಿಪಿ ಪುಸ್ತಕ ತಂದರು. ತಾರೀಕು, ಮೇಲೆ, ಕೆಳಗೆ, ನಾಡಿ ಅಂತ ನಾಲ್ಕು ಮನೆಗಳಿದ್ದವು. ಸ್ಕೇಲ್ ಇಟ್ಟು ಬಲಗಡೆ ಇನ್ನೂ ಮೂರು ಗೆರೆ ಎಳೆದರು. ಮೂರನೆಯದಕ್ಕೆ ಜಾಗ ಸಾಲದೆ ಅಂಚಿಗೆ ಹೋಯಿತು. ಬೆರಳಿಗೆ ಕ್ಲಿಪ್ ಹಾಕಿಕೊಂಡರು. ಕೂತು 93. ಹಜಾರದಲ್ಲಿ ಆಚೆ ಈಚೆ ನಾಲ್ಕು ಸಲ ನಡೆದು, ತುಟಿ ಮುಂದೆ ಮಾಡಿ ಮೆಲ್ಲಗೆ ಊದುತ್ತಾ ಕುರ್ಚಿಗೆ ಬಂದರು. 87. ಬರೆದರು. ಸ್ವಲ್ಪ ಹೊತ್ತು ಆ ನಂಬರನ್ನೇ ನೋಡಿದರು. ಆಮೇಲೆ ಪಕ್ಕದಲ್ಲಿ ಸಣ್ಣಗೆ 'ನಡೆದ ಮೇಲೆ' ಅಂತ ಸೇರಿಸಿದರು.